ಡ್ರಿಲ್ಲಿಂಗ್ ಮಷೀನಿನಲ್ಲಿ ಜಾಬ್ ಬಿಗಿಯುವ ಕೆಲಸ: ನನ್ನ ಅನುಭವ

ಕಲಬುರಗಿಯ ಕಪನೂರ ಕೈಗಾರಿಕಾ ಪ್ರದೇಶದಲ್ಲಿರುವ ನಮ್ಮ ವರ್ಕ್‌ಶಾಪಿಗೆ ಬರುವ ಕೆಲಸದಲ್ಲಿ ಹೆಚ್ಚಿನದು ತೊಗರಿ ಬೇಳೆ ಮಿಲ್ಲುಗಳ ದುರಸ್ತಿಯದು. ಜರಡಿಯ ಚೌಕಟ್ಟಾಗಲಿ, ಬೇರಿಂಗ್ ಕೂಡಿಸುವ ಪ್ಲೇಟಾಗಲಿ, ಎಲ್ಲದಕ್ಕೂ ತೂತು ಬೇಕಾಗುವುದರಿಂದ ಪಿಲ್ಲರ್ ಡ್ರಿಲ್ (ಕಂಬಕ್ಕೆ ಕೂಡಿಸಿದ ಡ್ರಿಲ್ಲಿಂಗ್ ಮಷೀನು) ದಿನವಿಡೀ ತಿರುಗುತ್ತಲೇ ಇರುತ್ತದೆ. ಹೊಸದಾಗಿ ಬಂದ ಹುಡುಗರು ಕಿಡಿ ಹಾರಿಸುವ ಗ್ರೈಂಡರಿಗೆ ಹೆದರುತ್ತಾರೆ, ಆದರೆ ಸದ್ದಿಲ್ಲದೆ ತಿರುಗುವ ಡ್ರಿಲ್ಲಿಗೆ ಹೆದರುವುದಿಲ್ಲ. ತಿರುಗುತ್ತಾ ತೂತು ಕೊರೆಯುವ ಬಿಟ್ಟಿಗಿಂತ, ಬಿಟ್ಟಿಗೆ ಕಚ್ಚಿಕೊಂಡು ತಿರುಗುವ ಜಾಬ್ (ತೂತು ಹಾಕಬೇಕಾದ ಲೋಹದ ತುಂಡು) ಹೆಚ್ಚು ಅಪಾಯಕಾರಿ ಎಂಬುದನ್ನು ನಾನು ಅವರಿಗೆ ಎಲ್ಲಕ್ಕಿಂತ ಮೊದಲು ಹೇಳಿಕೊಡುತ್ತೇನೆ.

“ಒಂದೇ ತೂತು ಅದರಿ, ಕೈಲೆ ಹಿಡೀತೀನಿ” ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಮೈಲ್ಡ್ ಸ್ಟೀಲಿನಲ್ಲಿ ಹೈಸ್ಪೀಡ್ ಸ್ಟೀಲ್ ಬಿಟ್ಟಿಗೆ ನಿಮಿಷಕ್ಕೆ 25 ಮೀಟರ್ ಕಟಿಂಗ್ ಸ್ಪೀಡ್ (ಬಿಟ್ಟಿನ ಅಂಚು ಲೋಹದ ಮೇಲೆ ಸಾಗುವ ವೇಗ) ಹಿಡಿದರೆ, 10 ಮಿ.ಮೀ. ಬಿಟ್ ನಿಮಿಷಕ್ಕೆ ಸುಮಾರು 800 ಸುತ್ತು ತಿರುಗಬೇಕು. ಅಂದರೆ ಸೆಕೆಂಡಿಗೆ 13 ಸುತ್ತು. ಜಾಬ್ ಕಚ್ಚಿತೆಂದು ಅರಿವಾಗಿ ಕೈ ತೆಗೆಯುವಷ್ಟು ಸಮಯ ಯಾರಿಗೂ ಸಿಗುವುದಿಲ್ಲ. ಬಿಟ್ ದಪ್ಪವಾದಷ್ಟೂ ಸುತ್ತು ಇಳಿಯಬೇಕು, 20 ಮಿ.ಮೀ.ಗೆ 400 ಸಾಕು. ಸುತ್ತು ಬದಲಿಸಲು ಬೆಲ್ಟನ್ನು ಪುಲ್ಲಿಯ ಬೇರೆ ಮೆಟ್ಟಿಲಿಗೆ ಹಾಕುವಾಗ ಮೇನ್ ಸ್ವಿಚ್ಚನ್ನೇ ಆರಿಸುತ್ತೇವೆ.

ಬಿಟ್ ಅಡಿಯಿಂದ ಹೊರಬರುವ ಗಳಿಗೆಯೇ ಎಲ್ಲಕ್ಕಿಂತ ಕೆಟ್ಟದ್ದು. ತುದಿ ಹೊರಗೆ ಬಂದೊಡನೆ ಎದುರೊತ್ತು ತಟ್ಟನೆ ಇಳಿಯುತ್ತದೆ, ಹಿಡಿಕೆಯ ಮೇಲಿದ್ದ ನಮ್ಮ ಬಲವೆಲ್ಲ ಬಿಟ್ಟನ್ನು ಒಮ್ಮೆಲೇ ಕೆಳಗೆ ತಳ್ಳುತ್ತದೆ, ಅದರ ಅಂಚು ಉಳಿದ ಲೋಹವನ್ನು ದಪ್ಪವಾಗಿ ಕಚ್ಚಿ ಜಾಬನ್ನು ಸ್ಕ್ರೂವಿನಂತೆ ಮೇಲಕ್ಕೆಳೆದು ತಿರುಗಿಸಿಬಿಡುತ್ತದೆ. ತೆಳು ತಗಡಿನಲ್ಲಿ ಇದು ಇನ್ನೂ ಬೇಗ ಆಗುತ್ತದೆ, ತಿರುಗಿದ ತಗಡು ಕತ್ತಿಗಿಂತ ಕಡಿಮೆಯಿಲ್ಲ. ಆದ್ದರಿಂದ ತಗಡನ್ನು ಎರಡು ಮರದ ಹಲಗೆಗಳ ನಡುವೆ ಇಟ್ಟು, ಮೂರನ್ನೂ ಕೂಡಿಸಿ ಕ್ಲ್ಯಾಂಪಿನಿಂದ ಟೇಬಲ್ಲಿಗೆ ಬಿಗಿದು, ಕೊನೆಯ ಒಂದೆರಡು ಮಿ.ಮೀ. ಉಳಿದಾಗ ಹಿಡಿಕೆಯ ಒತ್ತಡವನ್ನು ಸಡಿಲಿಸುತ್ತೇವೆ. ಹೀಗೆ ಮಾಡಿದರೆ ತೂತಿನ ಅಂಚಿನಲ್ಲಿ ಬರ್ (ಲೋಹದ ಚೂಪು ಮುಳ್ಳು) ಕೂಡ ಕಡಿಮೆ ಏಳುತ್ತದೆ.

ಸಣ್ಣ ಜಾಬನ್ನು ಮಷೀನ್ ವೈಸಿನಲ್ಲಿ (ಜಾಬನ್ನು ಎರಡು ದವಡೆಗಳ ನಡುವೆ ಬಿಗಿಯುವ ಸಾಧನ) ಹಿಡಿದು, ವೈಸನ್ನು ಟೇಬಲ್ಲಿನ ಸೀಳಿಗೆ (ಸ್ಲಾಟ್) ಬೋಲ್ಟ್ ಹಾಕಿ ಕೂಡಿಸುತ್ತೇವೆ. ಉದ್ದನೆಯ ಪಟ್ಟಿಯಾದರೆ ಅದರ ಉದ್ದದ ತುದಿ ನಮ್ಮ ಎಡಗಡೆಗಿದ್ದು, ಕಂಬದ ಎಡಪಕ್ಕಕ್ಕೆ ಆನಿಕೊಂಡಿರಬೇಕು. ಮೇಲಿನಿಂದ ನೋಡಿದರೆ ಬಿಟ್ ಗಡಿಯಾರದ ಮುಳ್ಳಿನ ದಿಕ್ಕಿನಲ್ಲಿ ತಿರುಗುತ್ತದೆ. ಕ್ಲ್ಯಾಂಪ್ ಸಡಿಲಾದರೂ ಪಟ್ಟಿ ಕಂಬಕ್ಕೆ ತಾಗಿ ನಿಲ್ಲುತ್ತದೆಯೇ ಹೊರತು ನಿಂತವನ ಹೊಟ್ಟೆಗೆ ಬರುವುದಿಲ್ಲ.

ನಮ್ಮ ಊರಿನ ಬೇಸಿಗೆಯಿಂದ ಬರುವ ತೊಂದರೆಯೇ ಬೇರೆ. ಮೇ ತಿಂಗಳಲ್ಲಿ ಅಂಗಳದ ಬಿಸಿಲಿಗೆ ಬಿದ್ದ ಪ್ಲೇಟನ್ನು ಬರಿಗೈಯಲ್ಲಿ ಮುಟ್ಟಲಾಗದು, ಹಾಗಾಗಿ ಹುಡುಗರು ಗ್ಲೌಸ್ ಹಾಕಿಕೊಂಡು ಎತ್ತಿ ತರುತ್ತಾರೆ, ಅದು ಸರಿ. ಆದರೆ ಜಾಬ್ ಬಿಗಿದ ಮೇಲೆ, ಸ್ವಿಚ್ ಒತ್ತುವ ಮೊದಲು, ಗ್ಲೌಸ್ ಕಳಚಲೇಬೇಕು, ಏಕೆಂದರೆ ಅದರ ಒಂದು ಎಳೆ ಬಿಟ್ಟಿಗೆ ಸುತ್ತಿಕೊಂಡರೂ ಬೆರಳು ಹಿಂದೆಯೇ ಹೋಗುತ್ತದೆ. ಬೆವರೊರೆಸಲು ಕೊರಳಿಗೆ ಹಾಕಿಕೊಳ್ಳುವ ಟವೆಲ್ಲಿನದೂ ಇದೇ ಮಾತು. ಅದಕ್ಕಾಗಿ ಗೋಡೆಗೆ ಮೊಳೆಗಳನ್ನೇ ಹೊಡೆಸಿದ್ದೇನೆ. ಕಣ್ಣಿಗೆ ಕನ್ನಡಕ ಕಡ್ಡಾಯ. ಚಕ್ (ಬಿಟ್ಟನ್ನು ಕಚ್ಚಿ ಹಿಡಿಯುವ ಭಾಗ) ಬಿಗಿದ ಕೀಲಿಯನ್ನು ಕೈಯಿಂದ ಬಿಡುವುದಿದ್ದರೆ ಅದರ ಕೊಂಡಿಗೇ ಹಾಕಬೇಕು, ಚಕ್ಕಿನಲ್ಲಿ ಬಿಡಬಾರದು.

ತೂತಿನಿಂದ ಲೋಹದ ಉದ್ದನೆಯ ಸುರುಳಿ ಬರುತ್ತಿದ್ದರೆ ಒತ್ತಡವನ್ನು ಕ್ಷಣ ಬಿಟ್ಟು ಮತ್ತೆ ಒತ್ತಿದಾಗ ಅದು ತುಂಡಾಗುತ್ತದೆ. ಅದನ್ನು ಕೈಯಿಂದ ಎಳೆಯಬಾರದು. ಮಷೀನ್ ಪೂರ್ತಿ ನಿಂತ ಮೇಲೆ ಬ್ರಷ್ಷಿನಿಂದ ತೆಗೆಯಬೇಕು.

ಕರೆಂಟ್ ಹೋಗಿ ಬರುವುದು ನಮ್ಮಲ್ಲಿ ಹೊಸದಲ್ಲ. ಮಾಮೂಲಿ ಸ್ವಿಚ್ಚಿದ್ದರೆ, ಕರೆಂಟ್ ಬಂದೊಡನೆ ಮಷೀನ್ ತಾನಾಗಿಯೇ ತಿರುಗತೊಡಗುತ್ತದೆ. ಆಗ ಯಾರದೋ ಕೈ ಚಕ್ಕಿನ ಬಳಿ ಇರಬಹುದು. ಅದಕ್ಕಾಗಿ ನಮ್ಮ ಡ್ರಿಲ್ಲಿಗೆ ಡಿಓಎಲ್ (ಡೈರೆಕ್ಟ್ ಆನ್‌ಲೈನ್) ಸ್ಟಾರ್ಟರ್ ಹಾಕಿಸಿದ್ದೇನೆ. ಕರೆಂಟ್ ಹೋದರೆ ಅದರ ಕಾಯಿಲ್ ಬಿಟ್ಟುಕೊಳ್ಳುತ್ತದೆ, ಹಸಿರು ಗುಂಡಿಯನ್ನು ಮತ್ತೆ ಒತ್ತುವವರೆಗೆ ಮೋಟಾರ್ ಏಳುವುದಿಲ್ಲ. ಹಳೆಯ ಮಷೀನಿಗೂ ಇದನ್ನು ಹಾಕಿಸಬಹುದು, ಇಲೆಕ್ಟ್ರಿಷಿಯನ್ನರಿಗೆ ಮೋಟಾರಿನ ಎಚ್‌ಪಿ ಹೇಳಿದರೆ ತಕ್ಕ ರಿಲೇ (ಹೊರೆ ಹೆಚ್ಚಾದರೆ ಮೋಟಾರನ್ನು ನಿಲ್ಲಿಸುವ ಭಾಗ) ಇರುವ ಸ್ಟಾರ್ಟರನ್ನು ಅವರೇ ಆರಿಸಿ ಕೂಡಿಸುತ್ತಾರೆ.