ಒಂದೇ ಸೆಟ್‌ಟಾಪ್ ಬಾಕ್ಸ್, ಎರಡು ಟಿವಿ: ಸ್ಪ್ಲಿಟರ್ ಹಾಕುವುದು ಹೇಗೆ?

ಹಾಲ್‌ನಲ್ಲಿ ಒಂದು ಟಿವಿ, ಒಳಗಿನ ಕೋಣೆಯಲ್ಲಿ ಇನ್ನೊಂದು. ಸೆಟ್‌ಟಾಪ್ ಬಾಕ್ಸ್ ಮಾತ್ರ ಒಂದೇ. ಎರಡನೇ ಬಾಕ್ಸ್ ಹಾಕಿಸಿದರೆ ತಿಂಗಳು ತಿಂಗಳು ಅದಕ್ಕೂ ದುಡ್ಡು ಕಟ್ಟಬೇಕು. ಹಾಲ್‌ನಲ್ಲಿ ಓಡುತ್ತಿರುವ ಮ್ಯಾಚ್ ಅಥವಾ ಸೀರಿಯಲ್ಲೇ ಮಂಡಿನೋವಿನಿಂದ ಎದ್ದು ಬರಲಾಗದ ಅಜ್ಜಿಗೂ ಕಾಣಿಸಿದರೆ ಸಾಕು ಅನ್ನುವ ಮನೆಗಳು ಬೇಕಾದಷ್ಟಿವೆ. ಬಾಕ್ಸ್‌ನಿಂದ ಟಿವಿಗೆ ಚಿತ್ರ, ಸದ್ದು ಎರಡನ್ನೂ ಒಯ್ಯುವ ಕೇಬಲ್‌ಗೆ ಎಚ್‌ಡಿಎಂಐ ಅನ್ನುತ್ತಾರೆ. ಇಂಥ ಮನೆಗೆ ಬೇಕಾದ್ದು ಎಚ್‌ಡಿಎಂಐ ಸ್ಪ್ಲಿಟರ್ ಅನ್ನುವ ಅಂಗೈ ಅಗಲದ ಡಬ್ಬಿ. ಸರಿಯಾದದ್ದನ್ನು ಆರಿಸಿ, ಗೋಡೆಯೊಳಗೆ ಕೇಬಲ್ ಎಳೆಯುವ ಮುಂಚೆ ಒಮ್ಮೆ ಪರೀಕ್ಷೆ ಮಾಡಿದರೆ, ಈ ಕೆಲಸವನ್ನು ಯಾರು ಬೇಕಾದರೂ ಮನೆಯಲ್ಲೇ ಮಾಡಬಹುದು.

ಒಂದು ವಿಷಯ ಮೊದಲೇ ತಿಳಿದಿರಲಿ. ಸ್ಪ್ಲಿಟರ್ ಹಾಕಿದರೆ ಎರಡೂ ಟಿವಿಯಲ್ಲಿ ಬರುವುದು ಒಂದೇ ಚಿತ್ರ. ಅಪ್ಪನಿಗೆ ನ್ಯೂಸ್, ಮಗಳಿಗೆ ಹಾಡು ಬೇಕು ಅಂದರೆ ಇದರಿಂದ ಆಗಲ್ಲ. ಹಳೇ ಕೇಬಲ್ ಟಿವಿ ನೋಡಿದವರಿಗೆ ಇಲ್ಲಿ ಸ್ವಲ್ಪ ಗೊಂದಲವಾಗುತ್ತದೆ. ಆಗ ಕೇಬಲ್ ಹುಡುಗ ಬಂದು ತವರದ ಪುಟ್ಟ ಡಬ್ಬಿಯೊಂದನ್ನು ಸಿಕ್ಕಿಸಿ, ವೈರನ್ನು ಎರಡು ಮಾಡಿ ಹೋಗುತ್ತಿದ್ದ. ಎರಡೂ ಟಿವಿಯಲ್ಲಿ ಬೇರೆ ಬೇರೆ ಚಾನೆಲ್ ನೋಡಬಹುದಿತ್ತು, ಯಾಕೆಂದರೆ ಎಲ್ಲಾ ಚಾನೆಲ್‌ಗಳೂ ಒಂದೇ ವೈರಿನಲ್ಲಿ ಬರುತ್ತಿದ್ದವು, ಆರಿಸುವ ಕೆಲಸ ಟಿವಿಯದು. 2013ರಲ್ಲಿ ಬೆಂಗಳೂರು, ಮೈಸೂರಿನಲ್ಲಿ ಸೆಟ್‌ಟಾಪ್ ಬಾಕ್ಸ್ ಕಡ್ಡಾಯವಾಯಿತು, ಆಮೇಲೆ ಉಳಿದ ಊರುಗಳಿಗೂ ಬಂತು. ಈಗ ಚಾನೆಲ್ ಆರಿಸುವುದು ಬಾಕ್ಸ್. ಅದರಿಂದ ಹೊರಗೆ ಬರುವುದು ಒಂದೇ ಚಾನೆಲ್‌ನ ಚಿತ್ರ.

ಅಂಗಡಿಯಲ್ಲಿ ಏನು ಕೇಳಬೇಕು?

ಜಾಸ್ತಿ ಜನ ಎಡವುವುದು ಇಲ್ಲೇ. ಸ್ಪ್ಲಿಟರ್ ಮತ್ತು ಸ್ವಿಚ್ ಅನ್ನುವ ಎರಡು ಡಬ್ಬಿಗಳು ನೋಡಲು ಹೆಚ್ಚುಕಡಿಮೆ ಒಂದೇ ತರಹ. ಅಂಗಡಿಯವರೂ ಒಂದರ ಹೆಸರಲ್ಲಿ ಇನ್ನೊಂದನ್ನು ಕೊಟ್ಟುಬಿಡುವುದುಂಟು. ಸ್ವಿಚ್ ಇರುವುದು ಹಲವು ಬಾಕ್ಸ್‌ಗಳನ್ನು ಒಂದೇ ಟಿವಿಗೆ ಹಾಕಲು. ಅದರಲ್ಲೇ ತಿರುಗಿಸಿ, ಅಂದರೆ ಒಂದು ಬಾಕ್ಸನ್ನು ಎರಡು ಟಿವಿಗೆ ಹಾಕಿಯೂ ಬಳಸಬಹುದಾದ ಅಗ್ಗದ ಒಂದು ಬಗೆ ಇದೆ. ಮೇಲೆ ಒಂದು ಗುಂಡಿ ಇರುತ್ತದೆ. ಅದನ್ನು ಒತ್ತಿದರೆ ಒಂದು ಟಿವಿಗೆ ಚಿತ್ರ ಬರುತ್ತದೆ, ಇನ್ನೊಂದರಲ್ಲಿ ನಿಲ್ಲುತ್ತದೆ. ನಮಗೆ ಬೇಕಾದ್ದು ಇದಲ್ಲ.

ಡಬ್ಬಿಯನ್ನು ಕೈಗೆ ತಗೊಂಡು ನೋಡಿ. ಒಂದು ಕಡೆ 'ಇನ್' ಅಂತ ಒಂದೇ ತೂತು, ಇನ್ನೊಂದು ಕಡೆ 'ಔಟ್ 1', 'ಔಟ್ 2' ಅಂತ ಎರಡು ಇರಬೇಕು. ಜೊತೆಗೆ ಕರೆಂಟ್ ಕೊಡುವ ಜಾಗ ಇರಲೇಬೇಕು. ಕರೆಂಟ್ ಇಲ್ಲದ ಡಬ್ಬಿ, ಅಥವಾ ಒಂದು ತಲೆ ಎರಡು ಬಾಲ ಇರುವ ವೈ ಆಕಾರದ ಕೇಬಲ್ ಎಷ್ಟೇ ಅಗ್ಗಕ್ಕೆ ಸಿಕ್ಕರೂ ಬೇಡ. ಅಂಗಡಿಯಲ್ಲಿ ನೇರವಾಗಿ ಹೀಗೆ ಕೇಳಿ: "ಒಂದು ಇನ್, ಎರಡು ಔಟ್. ಎರಡೂ ಟಿವಿ ಒಟ್ಟಿಗೇ ಓಡಬೇಕು."

ವೈ ಕೇಬಲ್ ಯಾಕೆ ಬೇಡ? ಎಚ್‌ಡಿಎಂಐ ಕೇಬಲ್‌ನ ತಲೆಯಲ್ಲಿ 19 ಪಿನ್‌ಗಳಿವೆ. ಚಿತ್ರ, ಸದ್ದು ಹೋಗುವುದು ಅವುಗಳಲ್ಲಿ ಕೆಲವದರಲ್ಲಿ ಮಾತ್ರ. 19ನೇ ಪಿನ್ ಮೂಲಕ ಟಿವಿ 'ನಾನು ಬಂದೆ' ಅಂತ ಬಾಕ್ಸ್‌ಗೆ ತಿಳಿಸುತ್ತದೆ. ಆಗ ಬಾಕ್ಸ್ 15 ಮತ್ತು 16ನೇ ಪಿನ್‌ಗಳ ಮೂಲಕ ಟಿವಿಯಿಂದ ಒಂದು ವಿವರಪಟ್ಟಿಯನ್ನು ಓದಿಕೊಳ್ಳುತ್ತದೆ. ಟಿವಿ ಎಷ್ಟು ದೊಡ್ಡ ಚಿತ್ರ ತೋರಿಸಬಲ್ಲದು, ಯಾವ ಬಗೆಯ ಸದ್ದು ಹೊರಡಿಸಬಲ್ಲದು ಅನ್ನುವುದೆಲ್ಲ ಅದರಲ್ಲಿರುತ್ತದೆ. ಇದಕ್ಕೆ ಇಡಿಐಡಿ ಅನ್ನುತ್ತಾರೆ. ಒಂದೇ ವೈರಿಗೆ ಎರಡು ಟಿವಿ ಕಟ್ಟಿದರೆ ಎರಡೂ ಒಟ್ಟಿಗೇ ಉತ್ತರ ಕೊಡಲು ಹೋಗಿ ಬಾಕ್ಸ್‌ಗೆ ಏನೂ ಅರ್ಥವಾಗುವುದಿಲ್ಲ. ಚಿತ್ರ ಸಾಗಿಸುವ ಸಿಗ್ನಲ್ಲೂ ಹಂಚಿಹೋಗಿ ಸೊರಗುತ್ತದೆ. ಸ್ಪ್ಲಿಟರ್ ನಡುವೆ ನಿಂತು ಬಾಕ್ಸ್ ಜೊತೆ ತಾನೊಬ್ಬನೇ ಮಾತಾಡುತ್ತದೆ, ಬಂದ ಸಿಗ್ನಲ್ಲನ್ನು ಹೊಸದಾಗಿ ಎರಡು ಮಾಡಿ ಕಳಿಸುತ್ತದೆ. ಅದಕ್ಕೇ ಕರೆಂಟ್ ಬೇಕು.

ಮಾಮೂಲಿ ಎಚ್‌ಡಿ ಸೆಟ್‌ಟಾಪ್ ಬಾಕ್ಸ್‌ಗೆ ಎಚ್‌ಡಿಎಂಐ 1.4ರ ಸಾದಾ ಸ್ಪ್ಲಿಟರ್ ಸಾಕು. ಎರಡೂ ಟಿವಿ 4ಕೆ (ಎಚ್‌ಡಿಗಿಂತ ಇನ್ನೂ ಸ್ಪಷ್ಟ ಚಿತ್ರದವು) ಆಗಿದ್ದು, ಬಾಕ್ಸ್ ಕೂಡ 4ಕೆ ಕೊಡುತ್ತಿದ್ದರೆ ಮಾತ್ರ ಎಚ್‌ಡಿಎಂಐ 2.0, 18 ಜಿಬಿಪಿಎಸ್ (ವೇಗ), ಎಚ್‌ಡಿಸಿಪಿ 2.2 (ಕಾಪಿ ತಡೆಯುವ ಬೀಗ) ಅಂತ ಪೆಟ್ಟಿಗೆ ಮೇಲೆ ಬರೆದಿರುವುದನ್ನು ತಗೊಳ್ಳಿ.

ಚಿಕ್ಕ ಟಿವಿಗೆ ತಕ್ಕಂತೆ ಹೊಂದಿಸಿ

ನನ್ನ ಪ್ರಕಾರ ಇಡೀ ಕೆಲಸದ ಗುಟ್ಟು ಇದೇ. ಹಾಲ್‌ನಲ್ಲಿ ಹೊಸ 4ಕೆ ಟಿವಿ, ಕೋಣೆಯಲ್ಲಿ ಹಳೇ 32 ಇಂಚಿನ ಎಚ್‌ಡಿ ರೆಡಿ, ಅಂದರೆ ಕಡಿಮೆ ಸ್ಪಷ್ಟತೆಯ ಟಿವಿ ಇದೆ ಅಂದುಕೊಳ್ಳಿ. ಬಾಕ್ಸ್‌ನಿಂದ ಹೊರಡುವುದು ಒಂದೇ ಚಿತ್ರ. ಅದು 4ಕೆ ಆಗಿದ್ದರೆ ಹಳೇ ಟಿವಿಗೆ ಅರ್ಥವಾಗುವುದಿಲ್ಲ, ಪರದೆ ಕಪ್ಪಾಗುತ್ತದೆ. ಆಗ ಜನ ಸ್ಪ್ಲಿಟರ್ ಕೆಟ್ಟಿದೆ ಅಂತ ವಾಪಸ್ ಕೊಡಲು ಹೋಗುತ್ತಾರೆ. ಕೆಟ್ಟಿರುವುದು ಏನೂ ಇಲ್ಲ.

ಬಾಕ್ಸ್‌ನ ಸೆಟ್ಟಿಂಗ್ಸ್‌ಗೆ ಹೋಗಿ ರೆಸಲ್ಯೂಷನ್ (ಚಿತ್ರ ಎಷ್ಟು ಸ್ಪಷ್ಟ ಅನ್ನುವ ಅಳತೆ) 'ಆಟೋ' ಅಂತ ಇದ್ದರೆ ತೆಗೆದು, 1080ಐ ಅಥವಾ 1080ಪಿ ಇಡಿ. ಎಚ್‌ಡಿ ರೆಡಿ ಟಿವಿಗಳಲ್ಲೂ ಹೆಚ್ಚಿನವು ಇದನ್ನು ತಗೊಳ್ಳುತ್ತವೆ. ತಗೊಳ್ಳದಿದ್ದರೆ 720ಪಿಗೆ ಇಳಿಸಿ. ಈ ಬದಲಾವಣೆಯನ್ನು ಸ್ಪ್ಲಿಟರ್ ಹಾಕುವ ಮುಂಚೆಯೇ, ಬಾಕ್ಸನ್ನು ಹಳೇ ಟಿವಿಗೆ ನೇರವಾಗಿ ಕಟ್ಟಿ ಮಾಡಿಕೊಂಡರೆ ಕೆಲಸ ಸಲೀಸು. ಹಲವು ಅಗ್ಗದ ಸ್ಪ್ಲಿಟರ್‌ಗಳು 'ಔಟ್ 1'ರಲ್ಲಿರುವ ಟಿವಿಯ ವಿವರವನ್ನಷ್ಟೇ ಓದಿ ಬಾಕ್ಸ್‌ಗೆ ಒಪ್ಪಿಸುತ್ತವೆ. ಅದಕ್ಕಾಗಿ ಹಳೇ ಟಿವಿಯನ್ನು 'ಔಟ್ 1'ಕ್ಕೆ, ಹೊಸದನ್ನು 'ಔಟ್ 2'ಕ್ಕೆ ಹಾಕಿ.

ಸದ್ದಿನಲ್ಲೂ ಇದೇ ಕತೆ. ಒಂದು ಟಿವಿಯಲ್ಲಿ ಚಿತ್ರ ಚೆನ್ನಾಗಿ ಬಂದು ಸದ್ದು ಬರದಿದ್ದರೆ, ಬಾಕ್ಸ್‌ನ ಆಡಿಯೊ ಸೆಟ್ಟಿಂಗ್‌ನಲ್ಲಿ ಡಾಲ್ಬಿ ತೆಗೆದು 'ಪಿಸಿಎಂ' ಅಥವಾ 'ಸ್ಟೀರಿಯೊ' ಇಡಿ.

ಕೇಬಲ್, ಪೈಪು

ಸ್ಪ್ಲಿಟರ್ ಬಾಕ್ಸ್ ಪಕ್ಕದಲ್ಲೇ ಇರಲಿ. ಬಾಕ್ಸ್‌ನಿಂದ ಸ್ಪ್ಲಿಟರ್‌ಗೆ ಒಂದು ಮೀಟರ್‌ನ ಗಿಡ್ಡ ಕೇಬಲ್ ಸಾಕು. ಕೋಣೆಯ ಟಿವಿಗೆ ಹೋಗುವ ಕೇಬಲ್ಲೇ ನಿಜವಾದ ತಲೆನೋವು. 1080ಪಿ ಚಿತ್ರ 10 ಮೀಟರ್‌ವರೆಗೆ ಒಳ್ಳೆಯ ತಾಮ್ರದ ಕೇಬಲ್‌ನಲ್ಲಿ ತೊಂದರೆಯಿಲ್ಲದೆ ಹೋಗುತ್ತದೆ. 4ಕೆ ಆದರೆ 5 ಮೀಟರ್ ದಾಟಿದ ಮೇಲೆ ನಂಬುವ ಹಾಗಿಲ್ಲ. ಅಳೆಯುವಾಗ ಗೋಡೆ ಹತ್ತಿ ಇಳಿಯುವ ಉದ್ದವನ್ನೂ ಸೇರಿಸಿ.

ನಮ್ಮ ಮನೆಗಳ ಗೋಡೆಯೊಳಗೆ ಸಾಮಾನ್ಯವಾಗಿ ಹಾಕುವುದು ಮುಕ್ಕಾಲು ಇಂಚಿನ ಪಿವಿಸಿ ಪೈಪು. ಎಚ್‌ಡಿಎಂಐ ಕೇಬಲ್‌ನ ಲೋಹದ ಮೂತಿಯೇ ಸುಮಾರು 14 ಮಿಲಿಮೀಟರ್ ಅಗಲ. ಪ್ಲಾಸ್ಟಿಕ್ ಹೊದಿಕೆ ಸೇರಿದರೆ ಇನ್ನೂ ದಪ್ಪ. ನೇರ ಪೈಪಿನಲ್ಲಿ ಹೇಗೋ ತೂರಿದರೂ ಮೊದಲ ಬೆಂಡ್‌ನಲ್ಲೇ ಸಿಕ್ಕಿಕೊಳ್ಳುತ್ತದೆ. ಜೋರಾಗಿ ಎಳೆದರೆ ಒಳಗಿನ ಕೂದಲಿನಂಥ ತಂತಿಗಳು ತುಂಡಾಗುತ್ತವೆ, ಹೊರಗಿನಿಂದ ಏನೂ ಗೊತ್ತಾಗುವುದಿಲ್ಲ. ಮನೆ ಈಗ ಕಟ್ಟಿಸುತ್ತಿದ್ದರೆ ಟಿವಿ ಜಾಗಕ್ಕೆ ದಪ್ಪ ಪೈಪು ಹಾಕಲು ಎಲೆಕ್ಟ್ರಿಷಿಯನ್‌ಗೆ ಹೇಳಿ. ಕರೆಂಟ್ ವೈರ್ ಇರುವ ಪೈಪಿನಲ್ಲಿ ಮಾತ್ರ ಇದನ್ನು ಯಾವತ್ತೂ ತೂರಿಸಬೇಡಿ.

ಕಟ್ಟಿ ಆಗಿರುವ ಮನೆಗೆ ಒಳ್ಳೆಯ ದಾರಿ ಇನ್ನೊಂದಿದೆ. ಇಂಟರ್ನೆಟ್‌ಗೆ ಎಳೆಯುತ್ತಾರಲ್ಲ, ಆ ಕ್ಯಾಟ್-6 ಕೇಬಲ್ ತೆಳ್ಳಗಿರುತ್ತದೆ. ಮೊದಲು ಪೈಪಿನಲ್ಲಿ ಎಳೆದು ಆಮೇಲೆ ತುದಿ ಕ್ರಿಂಪ್ ಮಾಡಬಹುದು, ಅಂದರೆ ಪ್ಲಗ್ ಒತ್ತಿ ಕೂರಿಸಬಹುದು. ಎರಡು ತುದಿಗೂ ಎಚ್‌ಡಿಎಂಐ ಎಕ್ಸ್‌ಟೆಂಡರ್ ಜೋಡಿ (ಒಂದು ಚಿತ್ರ ಕಳಿಸುವ ಡಬ್ಬಿ, ಇನ್ನೊಂದು ಪಡೆಯುವ ಡಬ್ಬಿ) ಹಾಕಿದರೆ 1080ಪಿ ಚಿತ್ರ 30 ಮೀಟರ್ ದೂರಕ್ಕೂ ಹೋಗುತ್ತದೆ. ಕಳಿಸುವ ಡಬ್ಬಿಯಲ್ಲಿ 'ಲೂಪ್ ಔಟ್' ಅನ್ನುವ ಇನ್ನೊಂದು ತೂತು ಇದ್ದರೆ ಬೇರೆ ಸ್ಪ್ಲಿಟರೇ ಬೇಡ, ಹಾಲ್ ಟಿವಿಯನ್ನು ಅದಕ್ಕೇ ಕಟ್ಟಿ. ಕೆಲವು ಜೋಡಿಗಳಲ್ಲಿ ರಿಮೋಟ್‌ಗಾಗಿ ಸಣ್ಣ ಕಣ್ಣಿನ ವೈರುಗಳೂ ಬರುತ್ತವೆ. ಅವಿದ್ದರೆ ಕೋಣೆಯಲ್ಲಿ ಕೂತೇ ಹಾಲ್‌ನ ಬಾಕ್ಸ್‌ನಲ್ಲಿ ಚಾನೆಲ್ ಬದಲಿಸಬಹುದು. ಇಲ್ಲದಿದ್ದರೆ ಪ್ರತಿ ಸಲ ಹಾಲ್‌ಗೆ ಕೂಗಬೇಕು, ವಯಸ್ಸಾದವರಿಗೆ ಅದು ಬೇಸರದ ಕೆಲಸ ಅಲ್ವಾ? ಸ್ವಲ್ಪ ದುಡ್ಡು ಜಾಸ್ತಿಯಾದರೂ ಕಣ್ಣಿರುವ ಜೋಡಿಯನ್ನೇ ತಗೊಳ್ಳಿ. ಕ್ಯಾಟ್-6 ಪೂರ್ತಿ ತಾಮ್ರದ್ದೇ ಆಗಿರಲಿ. ಅಲ್ಯೂಮಿನಿಯಂ ಮೇಲೆ ತಾಮ್ರ ಬಳಿದದ್ದೂ ಅದೇ ಹೆಸರಲ್ಲಿ ಸಿಗುತ್ತದೆ, ಕೇಳಿ ತಗೊಳ್ಳಿ.

ಜೋಡಿಸುವ ಕ್ರಮ

ಗೋಡೆಗೆ ಕೈ ಹಾಕುವ ಮುಂಚೆ ಎಲ್ಲವನ್ನೂ ನೆಲದ ಮೇಲೆ ಹರವಿ ಒಮ್ಮೆ ಓಡಿಸಿ ನೋಡಿ. ಎಲ್ಲದರ ಸ್ವಿಚ್ ಆಫ್ ಮಾಡಿ. ಬಾಕ್ಸ್‌ನ ಕೇಬಲ್ಲನ್ನು 'ಇನ್'ಗೆ, ಟಿವಿಗಳ ಕೇಬಲ್ಲನ್ನು ಎರಡು 'ಔಟ್'ಗೆ ಹಾಕಿ. ಈಗ ಮೊದಲು ಎರಡೂ ಟಿವಿ ಆನ್ ಮಾಡಿ, ಕೇಬಲ್ ಹಾಕಿದ ಎಚ್‌ಡಿಎಂಐ ನಂಬರನ್ನು ರಿಮೋಟ್‌ನಲ್ಲಿ ಆರಿಸಿ. ಆಮೇಲೆ ಸ್ಪ್ಲಿಟರ್‌ಗೆ ಕರೆಂಟ್ ಕೊಡಿ. ಕೊನೆಗೆ ಬಾಕ್ಸ್. ಬಾಕ್ಸ್ ಕಣ್ಣು ಬಿಡುವ ಹೊತ್ತಿಗೆ ಟಿವಿಗಳು ಉತ್ತರ ಕೊಡಲು ತಯಾರಿರಬೇಕು, ಅದಕ್ಕೇ ಈ ಕ್ರಮ.

ಹೆಚ್ಚಿನ ಸಣ್ಣ ಸ್ಪ್ಲಿಟರ್‌ಗಳಿಗೆ 5 ವೋಲ್ಟ್ ಸಾಕು. ಜೊತೆಗೆ ಕೊಟ್ಟ ಅಡಾಪ್ಟರನ್ನೇ ಹಾಕಿ. ವೈಫೈ ರೂಟರ್‌ನ 12 ವೋಲ್ಟ್ ಅಡಾಪ್ಟರ್‌ನ ಪಿನ್ ಕೂಡ ಕೆಲವಕ್ಕೆ ಸರಿಯಾಗಿ ಕೂರುತ್ತದೆ, ಹಾಕಿದರೆ ಡಬ್ಬಿ ಸುಟ್ಟುಹೋಗಬಹುದು. ಟಿವಿಯ ಯುಎಸ್‌ಬಿಯಿಂದಲೂ ಕರೆಂಟ್ ತಗೊಳ್ಳಬೇಡಿ. ಎಷ್ಟೋ ಟಿವಿಗಳಲ್ಲಿ ಟಿವಿ ಆಫ್ ಮಾಡಿದರೆ ಯುಎಸ್‌ಬಿಯೂ ಆಫ್. ಹಾಲ್‌ನವರು ಟಿವಿ ಆಫ್ ಮಾಡಿ ಮಲಗಿದರೆ ಕೋಣೆಯಲ್ಲೂ ಚಿತ್ರ ಹೋಗುತ್ತದೆ.

ಚಿತ್ರ ಬರದಿದ್ದರೆ

ಎರಡರಲ್ಲೂ ಕಪ್ಪು ಪರದೆಯಾದರೆ ಸ್ಪ್ಲಿಟರ್ ಬಿಟ್ಟು ಬಾಕ್ಸನ್ನು ನೇರವಾಗಿ ಟಿವಿಗೆ ಕಟ್ಟಿ ನೋಡಿ. ಆಗ ಬಂದರೆ ಬಾಕ್ಸ್ ಸರಿಯಿದೆ. ಒಂದರಲ್ಲಿ ಮಾತ್ರ ಬರದಿದ್ದರೆ ಎರಡು 'ಔಟ್' ಕೇಬಲ್‌ಗಳನ್ನು ಅದಲುಬದಲು ಮಾಡಿ. ಕಪ್ಪು ಪರದೆ ಇನ್ನೊಂದು ಟಿವಿಗೆ ಹೋದರೆ ತಪ್ಪು ಸ್ಪ್ಲಿಟರ್‌ನದು. ಅದೇ ಟಿವಿಯಲ್ಲಿ ಉಳಿದರೆ ಕೇಬಲ್ ಅಥವಾ ರೆಸಲ್ಯೂಷನ್ ನೋಡಿ. ಚಿತ್ರದ ಮೇಲೆ ಬಿಳಿ ಚುಕ್ಕೆ ಮಿಣಮಿಣ ಅನ್ನುತ್ತಿದ್ದರೆ ಕೇಬಲ್ ಉದ್ದವಾಯಿತು ಅಥವಾ ಸಡಿಲವಾಗಿದೆ.

ಚಾನೆಲ್ ಬಂದು ಒಟಿಟಿ ಸಿನಿಮಾ ಮಾತ್ರ ಬರದಿದ್ದರೆ ಅದು ಎಚ್‌ಡಿಸಿಪಿ ಅನ್ನುವ ಕಾಪಿ ತಡೆಯುವ ಬೀಗದ ಕೆಲಸ. 4ಕೆ ಸಿನಿಮಾಗೆ ಸಾಮಾನ್ಯವಾಗಿ ಎಚ್‌ಡಿಸಿಪಿ 2.2 ಬೇಕು, ಹಳೇ ಟಿವಿಯಲ್ಲಿ ಅದು ಇರುವುದಿಲ್ಲ. ಬಾಕ್ಸನ್ನು 1080ಪಿಗೆ ಇಳಿಸಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ.

ಒಂದು ಟಿವಿ ಆನ್ ಅಥವಾ ಆಫ್ ಮಾಡಿದಾಗ ಇನ್ನೊಂದರಲ್ಲಿ ಒಂದೆರಡು ಸೆಕೆಂಡ್ ಚಿತ್ರ ಹೋಗಿ ಬರುವುದು ಮಾಮೂಲು, ಗಾಬರಿ ಬೇಡ. ಕರೆಂಟ್ ಹೋಗಿ ಬಂದಾಗ ಎಲ್ಲವೂ ಒಟ್ಟಿಗೇ ಆನ್ ಆಗಿ ಪರದೆ ಕಪ್ಪಾಗಿಯೇ ಉಳಿಯಬಹುದು. ಆಗ ಬಾಕ್ಸ್‌ನ ಸ್ವಿಚ್ ಒಂದನ್ನೇ ಆಫ್ ಮಾಡಿ, ಹತ್ತು ಸೆಕೆಂಡ್ ಬಿಟ್ಟು ಹಾಕಿದರೆ ಸಾಕು. ಇದನ್ನು ಮನೆಯಲ್ಲಿ ಎಲ್ಲರಿಗೂ ತೋರಿಸಿಕೊಡಿ.

ಶಾಲೆಯಲ್ಲಿ, ಸಭಾಭವನದಲ್ಲಿ ಲ್ಯಾಪ್‌ಟಾಪ್‌ನಿಂದ ಪ್ರೊಜೆಕ್ಟರ್‌ಗೂ ಟಿವಿಗೂ ಒಟ್ಟಿಗೇ ಚಿತ್ರ ಕೊಡಲೂ ಇದೇ ಡಬ್ಬಿ, ಇದೇ ಕ್ರಮ. ವಿಂಡೋಸ್ ಲ್ಯಾಪ್‌ಟಾಪ್‌ಗೆ ಸ್ಪ್ಲಿಟರ್ ಒಂದೇ ಪರದೆಯಾಗಿ ಕಾಣುತ್ತದೆ. ವಿಂಡೋಸ್ ಕೀ ಜೊತೆ 'ಪಿ' ಒತ್ತಿ 'ಡುಪ್ಲಿಕೇಟ್' ಆರಿಸಿದರೆ ಲ್ಯಾಪ್‌ಟಾಪ್‌ನಲ್ಲಿ ಇರುವುದೇ ಎರಡರಲ್ಲೂ ಬರುತ್ತದೆ. ಪ್ರೊಜೆಕ್ಟರ್ ಹಳೆಯದಾಗಿದ್ದರೆ ಅದನ್ನೇ 'ಔಟ್ 1'ಕ್ಕೆ ಹಾಕಿ. ಕಾರ್ಯಕ್ರಮದ ಹಿಂದಿನ ಸಂಜೆಯೇ ಅದೇ ಲ್ಯಾಪ್‌ಟಾಪ್, ಅದೇ ಕೇಬಲ್ ಇಟ್ಟು ಅರ್ಧ ಗಂಟೆ ಓಡಿಸಿ ನೋಡಿ.