ಸೆಟ್ಟು, ವೇಷ ಮತ್ತು ಒಂದು ಟೆಂಪೊ

ನಾಟಕಕ್ಕೆ ಸೆಟ್ಟು ಹೇಗೆ ಮಾಡುವುದು ಅಂತ ಯಾರಾದರೂ ಕೇಳಿದರೆ ನಾನು ತಿರುಗಿ ಕೇಳುವುದು ಒಂದೇ: ಸಾಗಿಸುವುದು ಯಾವ ಗಾಡಿಯಲ್ಲಿ? ತಮಾಷೆಗೆ ಅಲ್ಲ. ನಮ್ಮಂಥ ಹವ್ಯಾಸಿ ತಂಡಗಳಿಗೆ ಸ್ವಂತ ರಂಗಮಂದಿರ ಅಂತ ಇರುವುದಿಲ್ಲ. ಇವತ್ತು ಉಡುಪಿಯಲ್ಲಿ ಎಂಜಿಎಂ ಕಾಲೇಜಿನ ಮುದ್ದಣ ಮಂಟಪ, ಇನ್ನೊಂದು ವಾರ ಮಂಗಳೂರಿನ ಪುರಭವನ, ಆಮೇಲೆ ಯಾವುದೋ ಊರಿನ ಶಾಲೆಯ ಮೈದಾನದಲ್ಲಿ ಶಾಮಿಯಾನ ಹಾಕಿದ ಸ್ಟೇಜು. ಟೆಂಪೊಗೆ ಹಿಡಿಸದ ಸೆಟ್ಟು ಎಷ್ಟು ಚಂದ ಇದ್ದರೂ ಒಂದೇ ಪ್ರದರ್ಶನಕ್ಕೆ ಮುಗಿಯಿತು.

ನಾನು ಶಾಲೆಯಲ್ಲಿ ಡ್ರಾಯಿಂಗ್ ಮೇಷ್ಟ್ರು. ಚಿತ್ರ ಬರೀತಾರಲ್ವಾ, ಪರದೆಯೂ ಬರೀಲಿ ಅಂತ ತಂಡದವರು ಕರೆದರು. ಪರದೆಯಿಂದ ಸೆಟ್ಟಿಗೆ, ಸೆಟ್ಟಿನಿಂದ ವೇಷಕ್ಕೆ ಬಂದೆ. ಚಿತ್ರ ಬರೆಯುವವನ ಕಣ್ಣು ಇಲ್ಲಿ ಅರ್ಧಕ್ಕರ್ಧ ಮಾತ್ರ ಉಪಯೋಗಕ್ಕೆ ಬರುತ್ತದೆ. ಚಿತ್ರವನ್ನು ಜನ ದೂರ ನಿಂತು ನೋಡ್ತಾರೆ. ಸೆಟ್ಟಿನ ಮೇಲೆ ಹತ್ತುತ್ತಾರೆ, ಕೂರುತ್ತಾರೆ, ಒರಗುತ್ತಾರೆ, ದೀಪ ಆರಿದಾಗ ಕತ್ತಲಲ್ಲಿ ಎಡವುತ್ತಾರೆ. ವೇಷದಲ್ಲಂತೂ ಒಬ್ಬ ಮನುಷ್ಯ ಎರಡು ಗಂಟೆ ಬೆವರಬೇಕು. ಹಾಗಾಗಿ ನಟ ಬಳಸಿ ನೋಡದ ಯಾವುದನ್ನೂ ನಾನು ಮುಗಿದಿದೆ ಅಂತ ಒಪ್ಪುವುದಿಲ್ಲ.

ನಾಟಕವನ್ನು ಮೊದಲ ಸಲ ಓದುವಾಗ ಚಿತ್ರ ಬರೆಯುವುದಿಲ್ಲ. ಪುಟದ ಅಂಚಿನಲ್ಲಿ ಪಾತ್ರಗಳು ಏನೇನು ಮಾಡ್ತವೆ ಅಂತ ಮಾತ್ರ ಗುರುತು ಹಾಕ್ತೇನೆ. ಕೂರುತ್ತಾಳೆ. ಅಡಗುತ್ತಾನೆ. ಓಡಿ ಬರುತ್ತಾರೆ. ಹೆಣ ಹೊತ್ತು ತರುತ್ತಾರೆ. ಹೆಣ ಹೊತ್ತು ತರಬೇಕಾದರೆ ಇಬ್ಬಿಬ್ಬರು ಅಕ್ಕಪಕ್ಕ ನಡೆಯುವಷ್ಟು ದಾರಿ ಬೇಕು. ವಿಂಗಿನಲ್ಲಿ, ಅಂದರೆ ಸ್ಟೇಜಿನ ಪಕ್ಕದ ಮರೆಯಲ್ಲಿ, ಅಷ್ಟು ಜಾಗ ಇಲ್ಲದಿದ್ದರೆ ಹೆಣ ಹೊರಗೇ ಉಳಿಯುತ್ತದೆ, ಅಷ್ಟೇ.

ಆಮೇಲೆ ಟೇಪು ಹಿಡಿದು ಸ್ಟೇಜು ನೋಡಲು ಹೋಗುವುದು. ಪರದೆ ಬಾಯಿ ಎಷ್ಟು ಅಗಲ, ಆಳ ಎಷ್ಟು, ಮೇಲೆ ಕಟ್ಟಲು ಪೈಪು ಇದೆಯಾ, ನೆಲಕ್ಕೆ ಮೊಳೆ ಹೊಡೆಯಲು ಬಿಡ್ತಾರಾ, ಇದೆಲ್ಲ ಎಲ್ಲರೂ ಕೇಳುತ್ತಾರೆ. ಸಾಮಾನು ಒಳಗೆ ತರುವ ಬಾಗಿಲು ಮಾತ್ರ ಯಾರಿಗೂ ನೆನಪಾಗುವುದಿಲ್ಲ. 8 ಅಡಿ ಎತ್ತರದ ಫ್ಲಾಟನ್ನು (ಗೋಡೆಯ ಹಾಗೆ ನಿಲ್ಲಿಸುವ ಚೌಕಟ್ಟು) ಅಡ್ಡ ಮಲಗಿಸಿ ಬಾಗಿಲು ದಾಟಿಸಬಹುದು, ಆದರೆ ದಾಟಿದ ಕೂಡಲೇ ಮೆಟ್ಟಿಲು ತಿರುಗಿದೆ ಅಂದರೆ ಮುಗಿಯಿತು ಕಥೆ. ಅಳತೆ ಆದ ಮೇಲೆ ಮೊದಲ ಸಾಲಿನ ಎರಡೂ ತುದಿಯ ಕುರ್ಚಿಯಲ್ಲಿ ಕೂತು ನೋಡ್ತೇನೆ. ಅಲ್ಲಿಂದ ವಿಂಗಿನ ಒಳಗೆ ಎಷ್ಟು ಕಾಣುತ್ತದೆ ಅನ್ನುವುದರ ಮೇಲೆ ಫ್ಲಾಟು ಎಲ್ಲಿ ನಿಲ್ಲಬೇಕು ಅಂತ ತೀರ್ಮಾನ ಆಗುತ್ತದೆ. ಕೊನೆಯ ಸಾಲಿನಲ್ಲಿ ಕೂರುವುದು ವೇಷಕ್ಕಾಗಿ. ಅರ್ಧ ಇಂಚಿನ ಜರಿ ಅಲ್ಲಿಗೆ ಕಾಣುವುದೇ ಇಲ್ಲ. ಮೂರು ಇಂಚಿನ ಅಂಚು ಕಾಣುತ್ತದೆ.

ರಟ್ಟಿನಲ್ಲಿ ಒಂದು ಸಣ್ಣ ಮಾದರಿ ಮಾಡುತ್ತೇನೆ. ಒಂದು ಅಡಿಗೆ ಅರ್ಧ ಇಂಚು ಲೆಕ್ಕ. ಮೀಟರು, ಸೆಂಟಿಮೀಟರು ಅಂದರೆ ಮರದ ಕೆಲಸದ ನಮ್ಮ ಆಚಾರ್ರು ಮುಖ ಗಂಟು ಹಾಕುತ್ತಾರೆ. ಅದರೊಳಗೆ ಎರಡೂಮುಕ್ಕಾಲು ಇಂಚಿನ ರಟ್ಟಿನ ಮನುಷ್ಯನೊಬ್ಬ ನಿಲ್ಲಲೇಬೇಕು, ಅಂದರೆ ಐದೂವರೆ ಅಡಿಯ ನಟ. ಅವನಿಲ್ಲದ ಮಾದರಿ ಬರೀ ಮೋಸ. ಎಲ್ಲ ಭವ್ಯವಾಗಿ ಕಾಣುತ್ತದೆ, ಅವನನ್ನು ನಿಲ್ಲಿಸಿದ ಕೂಡಲೇ ಸಿಂಹಾಸನ ಮೂರು ಜನ ಕೂರುವ ಸೋಫಾ ಆಗಿರುತ್ತದೆ.

ಇತ್ತೀಚೆಗೆ ಮಾಡಿದ ಒಂದು ಗೀತನಾಟಕದ ಕೆಲಸ ಹೇಳ್ತೇನೆ. ಅರಮನೆ, ಹೊಳೆಯ ಕಡವು, ಅಂಬಿಗನ ಮನೆ, ಹೀಗೆ ಮೂರು ಜಾಗ, ಪದ್ಯದಿಂದ ಪದ್ಯಕ್ಕೆ ಬದಲಾಗುತ್ತಲೇ ಇರುತ್ತವೆ. ಮೂರಕ್ಕೂ ಪರದೆ ಬರೆದು ಇಳಿಸಿ ಎತ್ತುವುದು ಹಳೆಯ ಕಂಪನಿ ನಾಟಕದ ರೀತಿ. ಅದರ ಬಗ್ಗೆ ನನಗೆ ಗೌರವ ಇದೆ. ಆದರೆ ಹಾಡು ನಿಲ್ಲಿಸದೆ ಜಾಗ ಬದಲಾಗಬೇಕು ಅಂತ ನಿರ್ದೇಶಕರ ಹಟ. ಯುರೋಪಿನ ಒಪೆರಾದಲ್ಲಿ, ಅಂದರೆ ಅಲ್ಲಿಯ ಹಾಡಿನ ನಾಟಕದಲ್ಲಿ, ಇದೇ ತಕರಾರು ನೂರು ವರ್ಷದ ಹಿಂದೆಯೇ ಎದ್ದಿತ್ತು. ಸ್ವಿಟ್ಜರ್ಲೆಂಡಿನ ಅಡೋಲ್ಫ್ ಅಪಿಯಾ (1862–1928) ಜರ್ಮನ್ ಸಂಗೀತಗಾರ ವಾಗ್ನರ್‌ನ ಒಪೆರಾಗಳಿಗೆ ರಂಗವಿನ್ಯಾಸ ಯೋಚಿಸುತ್ತಾ, ಬರೆದ ಪರದೆ ಚಪ್ಪಟೆ, ನಟನ ಮೈ ಚಪ್ಪಟೆ ಅಲ್ಲ, ಎರಡೂ ಒಂದಕ್ಕೊಂದು ಹೊಂದುವುದಿಲ್ಲ ಅಂತ ವಾದಿಸಿದ. ಪರದೆ ಬದಲು ಮೆಟ್ಟಿಲು, ಜಗಲಿ, ಇಳಿಜಾರು ಇಡಿ, ಉಳಿದದ್ದನ್ನು ಬೆಳಕು ನೋಡಿಕೊಳ್ಳಲಿ ಅಂದ. ನಮ್ಮಂಥ ದುಡ್ಡಿಲ್ಲದ ತಂಡಕ್ಕೆ ಇದಕ್ಕಿಂತ ಒಳ್ಳೆಯ ಸಲಹೆ ಯಾರು ಕೊಟ್ಟಾರು!

ಹಾಗಾಗಿ ಒಂದು ರ‍್ಯಾಂಪು, ಮೂರು ಪೆಟ್ಟಿಗೆ, ಅಷ್ಟೇ ಮಾಡಿದ್ದು. ರ‍್ಯಾಂಪು 8 ಅಡಿ ಉದ್ದ, ಎತ್ತರದ ತುದಿಯಲ್ಲಿ 1 ಅಡಿ. ಇದಕ್ಕಿಂತ ಕಡಿದು ಮಾಡಿದರೆ ಸೀರೆ ಉಟ್ಟವರು ಹಾಡುತ್ತಾ ಇಳಿಯುವಾಗ ಕಣ್ಣು ಕಾಲಿನ ಕಡೆಗೇ ಹೋಗುತ್ತದೆ. ಪೆಟ್ಟಿಗೆಗಳು 6, 12, 18 ಇಂಚು ಎತ್ತರ, ಅಡಿ ಭಾಗ ಖಾಲಿ, ಒಂದರೊಳಗೆ ಒಂದು ಹೋಗುತ್ತವೆ. ಹೆಗ್ಗೋಡಿನ ನೀನಾಸಂ ನಾಟಕ ಸಂಸ್ಥೆಯ ‘ತಿರುಗಾಟ’ ತಂಡದವರು 1985ರಿಂದ ಊರೂರಿಗೆ ನಾಟಕ ಹೊತ್ತು ತಿರುಗುತ್ತಿದ್ದಾರಲ್ಲ, ಅವರ ನಾಟಕ ನಮ್ಮ ಕಡೆ ಬಂದಾಗ ನಾನು ಮಧ್ಯಾಹ್ನವೇ ಹೋಗಿ ಸಾಮಾನು ಇಳಿಸುವುದನ್ನು ನೋಡುತ್ತಾ ಕೂರುತ್ತೇನೆ. ಯಾವುದು ಮಡಚುತ್ತದೆ, ಯಾವುದಕ್ಕೆ ಬೋಲ್ಟು, ಯಾವುದಕ್ಕೆ ಬರೀ ಹಗ್ಗ, ಇದನ್ನು ನೋಡಿಯೇ ಕಲಿಯಬೇಕು. ಯಾರೂ ಹೇಳಿಕೊಡುವುದಿಲ್ಲ.

ಪೆಟ್ಟಿಗೆಗೆ 12 ಎಂಎಂ ಪ್ಲೈವುಡ್ ಸಾಕು ಅಂತ ಆಚಾರ್ರು. ಕೂರಲು ಸಾಕು. ಕುಣಿಯಲು 18 ಎಂಎಂ ಬೇಕು, ಅಡಿಯಲ್ಲಿ ಅಡ್ಡಪಟ್ಟಿಯೂ ಬೇಕು.

“ಮಾಷ್ಟ್ರೇ, ಇಷ್ಟು ಭಾರ ಮಾಡಿದ್ರೆ ಎತ್ತುವವರು ಯಾರು?”

“ಹುಡುಗರು ಎತ್ತುತ್ತಾರೆ ಆಚಾರ್ರೇ. ಬಿದ್ದರೆ ಎತ್ತುವುದು ಕಷ್ಟ.”

ಭಾರಕ್ಕಿಂತ ದೊಡ್ಡ ತೊಂದರೆ ಸದ್ದು. ಖಾಲಿ ಪೆಟ್ಟಿಗೆ ಮೇಲೆ ಕಾಲಿಟ್ಟರೆ ಮದ್ದಳೆಗೆ ಹೊಡೆದ ಹಾಗೆ. ಮಾತಿನ ನಾಟಕದಲ್ಲಿ ಹೇಗೋ ನಡೆಯುತ್ತದೆ, ಹಾಡಿನಲ್ಲಿ ತಾಳವೇ ಹೋಗುತ್ತದೆ. ಒಳಮೈಗೆ ಹಳೆಯ ತೆಂಗಿನ ನಾರಿನ ಚಾಪೆ ಕತ್ತರಿಸಿ ಅಂಟಿಸಿದೆವು. ಸದ್ದು ಅಡಗಿತು. ಹಾಡುವವರ ಹಿಂದೆ ಮಾತ್ರ ಬಟ್ಟೆ ಇಳಿಬಿಡದೆ ಗಟ್ಟಿ ಹಲಗೆ ಫ್ಲಾಟು ನಿಲ್ಲಿಸಿದ್ದೆ. ಮೈಕಿಲ್ಲದೆ ಹಾಡುವ ಒಪೆರಾಗಳಲ್ಲಿ ಇದು ಗೊತ್ತಿರುವ ಉಪಾಯ. ಗಟ್ಟಿ ಮೈ ದನಿಯನ್ನು ಮುಂದಕ್ಕೆ ತಳ್ಳುತ್ತದೆ, ಮಡಿಕೆ ಮಡಿಕೆ ಬಟ್ಟೆ ಅದನ್ನು ನುಂಗುತ್ತದೆ. ನಮ್ಮಲ್ಲಿ ಕಾಲರ್ ಮೈಕ್ ಇತ್ತು, ಆದರೂ ಹಾಡುವವರು ‘ನಮ್ಮ ಸ್ವರ ನಮಗೇ ಕೇಳ್ತದೆ’ ಅಂತ ಖುಷಿಪಟ್ಟರು.

ಬಣ್ಣದ ವಿಷಯದಲ್ಲಿ ಕರಾವಳಿಯ ಕಷ್ಟವೇ ಬೇರೆ. ನಾಟಕದ ಸೀಸನ್ನು ದೀಪಾವಳಿ ಕಳೆದ ಮೇಲೆ, ಆದರೆ ತಯಾರಿ ಶುರುವಾಗುವುದು ಮಳೆಯಲ್ಲಿ. ಉಡುಪಿಯಲ್ಲಿ ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಹಿಂದಿನ ಪರದೆ ಬರೆಯುವವರು ಪುಡಿ ಬಣ್ಣಕ್ಕೆ ಸರೇಸು ಅನ್ನುವ ಪ್ರಾಣಿಜನ್ಯ ಅಂಟು ಕಾಯಿಸಿ ಹಾಕುತ್ತಿದ್ದರು. ಹೊಳೆಯದ ಚಂದದ ಮಾಸಲು ಬಣ್ಣ ಬರುತ್ತದೆ ನಿಜ, ಆದರೆ ಮಳೆಗಾಲದಲ್ಲಿ ಬೂಸ್ಟು ಹಿಡಿದು ವಾಸನೆ ತಡೆಯಲಾಗುವುದಿಲ್ಲ ಮಾರಾಯ್ರೆ. ನಾನು ಕೋರಾ ಬಟ್ಟೆಯನ್ನು ರೀಪಿನ ಚೌಕಟ್ಟಿಗೆ ಬಿಗಿದು, ನೀರು ಸೇರಿಸಿದ ಫೆವಿಕಾಲ್ ಮತ್ತು ಸೀಮೆಸುಣ್ಣದ ಪುಡಿ ಕಲಸಿ ಒಂದು ಕೈ ಬಳಿದು, ಅದು ಪೂರ್ತಿ ಒಣಗಿದ ಮೇಲೆ ಗೋಡೆಗೆ ಹೊಡೆಯುವ ಎಮಲ್ಶನ್ ಹಚ್ಚುತ್ತೇನೆ. ಫ್ಲಾಟುಗಳನ್ನು ಒಂದರ ಮೇಲೊಂದು ಪೇರಿಸಬಾರದು, ಮಧ್ಯೆ ಗಾಳಿ ಆಡಬೇಕು. ಥರ್ಮೊಕೋಲ್ ನಾನು ಮುಟ್ಟುವುದಿಲ್ಲ. ಬಿಸಿ ದೀಪದ ಹತ್ತಿರ ಅದನ್ನು ಇಡುವವರ ಧೈರ್ಯ ನೋಡಿದರೆ ನನಗೆ ಹೆದರಿಕೆ ಆಗುತ್ತದೆ.

ಇನ್ನು ವೇಷ. ಇಲ್ಲಿಯ ಪ್ರೇಕ್ಷಕರಿಗೆ ಯಕ್ಷಗಾನ ನೋಡಿ ನೋಡಿ ಕಣ್ಣು ಪಳಗಿದೆ. ಕಿರೀಟ ಯಾರಿಗೆ, ಕೇದಗೆ ಮುಂದಲೆ ಅನ್ನುವ ತಲೆಯ ವೇಷ ಯಾರಿಗೆ ಅಂತ ಚಿಕ್ಕ ಮಕ್ಕಳಿಗೂ ಗೊತ್ತು. ಅದನ್ನು ಹಾಗೇ ಎತ್ತಿ ನಾಟಕಕ್ಕೆ ತಂದರೆ ನಾಟಕವೂ ಅಲ್ಲ, ಯಕ್ಷಗಾನದ ಆಟವೂ ಅಲ್ಲ ಅನ್ನುವ ಹಾಗೆ ಆಗುತ್ತದೆ. ಆದರೆ ಅದರ ಲೆಕ್ಕಾಚಾರ ಕಲಿಯಬೇಕು. ಬಡಗುತಿಟ್ಟಿನ, ಅಂದರೆ ಯಕ್ಷಗಾನದ ಉತ್ತರದ ಶೈಲಿಯ, ಕಸೆ ಸೀರೆಯಲ್ಲಿ ಅಷ್ಟು ದೊಡ್ಡ ಚೌಕುಳಿ ಯಾಕೆ? ಭುಜಕೀರ್ತಿ ಅಷ್ಟು ಅಗಲ ಯಾಕೆ? ರಾತ್ರಿ, ಮಂದ ದೀಪದಲ್ಲಿ, ಗದ್ದೆಯ ಆಚೆ ಕೂತವನಿಗೂ ವೇಷ ಕಾಣಬೇಕು. ಮೈಯ ಆಕಾರವನ್ನೇ ಹಿಗ್ಗಿಸಿಬಿಟ್ಟಿದ್ದಾರೆ. ನಮ್ಮ ರಾಜನಿಗೆ ನಾನು ಕಿರೀಟ ಸಣ್ಣದು ಮಾಡಿ, ಭುಜ ಅಗಲ ಮಾಡಿದೆ. ಅಷ್ಟಕ್ಕೇ ಅವನು ನಿಂತ ರೀತಿ ಬದಲಾಯಿತು.

ಸೈನಿಕರ ಶಿರಸ್ತ್ರಾಣಕ್ಕೆ ಅಡಿಕೆ ಹಾಳೆ. ಮಂಗಳೂರಿನಲ್ಲಿ ಫೋಮ್ ಶೀಟು ಸಿಗುತ್ತದೆ, ಆದರೆ ಹಾಳೆ ತೋಟದಲ್ಲಿ ಸುಮ್ನೆ ಬಿದ್ದಿರುತ್ತದೆ. ರಾತ್ರಿ ನೀರಲ್ಲಿ ನೆನೆಹಾಕಬೇಕು. ಬೆಳಿಗ್ಗೆ ಮೆತ್ತಗಾಗಿರುತ್ತದೆ. ಒಳಮೈಯ ತೆಳು ಪದರ ಸುಲಿದು, ತಲೆಯಷ್ಟು ಗಾತ್ರದ ಪಾತ್ರೆಯ ಮೇಲೆ ಕವುಚಿ, ಮಡಿಕೆಗಳನ್ನು ಹಿಂದಕ್ಕೆ ಎಳೆದು ಹಗ್ಗದಲ್ಲಿ ಬಿಗಿದು ನೆರಳಲ್ಲಿ ಒಣಗಿಸಬೇಕು. ಬಿಸಿಲಲ್ಲಿ ಇಟ್ಟರೆ ಸೀಳುತ್ತದೆ. ಒಣಗಿದ ಮೇಲೆ ಆಕಾರ ಬಿಡುವುದಿಲ್ಲ. ಮೇಲೆ ಹಳೆಯ ಬಟ್ಟೆಚೂರು ಅಂಟಿಸಿ, ಕಪ್ಪು ಬಳಿದು, ಉಬ್ಬಿದ ಕಡೆ ಮಾತ್ರ ಒಣ ಕುಂಚದಲ್ಲಿ ಬೆಳ್ಳಿ ಬಣ್ಣ ಸವರಿದರೆ ಮೂರನೇ ಸಾಲಿನಿಂದ ಕಬ್ಬಿಣ. ತಲೆಗೆ ಭಾರವೇ ಇಲ್ಲ. ತಲೆಮಾರುಗಳಿಂದ ತೋಟದ ಕೆಲಸಕ್ಕೆ ಮುಟ್ಟಾಳೆ, ಅಂದರೆ ಹಾಳೆಯ ಟೋಪಿ, ಮಾಡಿಕೊಂಡ ಊರಿದು, ನಾನೇನೂ ಹೊಸದು ಕಂಡುಹಿಡಿದದ್ದಲ್ಲ. ಒಂದು ಎಚ್ಚರ: ಹಾಡುವವರಿಗೆ ಕಿವಿ ಮುಚ್ಚುವ ಹಾಗೆ ಮಾಡಬಾರದು, ಶ್ರುತಿ ತಪ್ಪುತ್ತದೆ.

ಹೊಲಿಗೆ ನಮ್ಮ ಓಣಿಯ ಅಕ್ಕನದ್ದು. ಹಾಡುವವರ ಎದೆ ಅಳತೆಯನ್ನು ಉಸಿರು ತುಂಬಿಕೊಂಡಾಗ ತೆಗೆಯಿರಿ ಅಂದರೆ ಮೊದಲು ನಕ್ಕರು. ಸುಮ್ಮನೆ ನಿಂತಾಗಿನ ಅಳತೆಗೆ ಹೊಲಿದರೆ ಎತ್ತರದ ಸ್ವರಕ್ಕೆ ಹೋಗುವಾಗ ಹುಕ್ಕು ಕಿತ್ತು ಬರುತ್ತದೆ ಅಂದಮೇಲೆ ಅವರೇ ಎಲ್ಲರನ್ನೂ ‘ಹ್ಞಾಂ, ಉಸಿರು ಎಳೆಯಿರಿ’ ಅಂತ ಗದರಿಸಲು ಶುರುಮಾಡಿದರು. ಒಳಗೆ ಎರಡು ಇಂಚು ಮಾರ್ಜಿನ್ ಬಿಡಿಸುತ್ತೇನೆ, ಮುಂದಿನ ವರ್ಷದ ರಾಜ ದಪ್ಪ ಇರಬಹುದು. ಮೈಕಿನ ಡಬ್ಬಿಗೆ ಬೆನ್ನಿನ ಕಡೆ ಜೇಬು ಬೇಕು. ಎದೆಯ ಮೇಲೆ ಲೋಹದ ಸರ ಬೇಡ, ಮೈಕಿಗೆ ತಾಗಿ ಕಟಕಟ ಅನ್ನುತ್ತದೆ. ಅಡ್ಡಪಂಚೆಯಿಂದ ರಾಜವೇಷಕ್ಕೆ ಒಂದೇ ಪದ್ಯದಲ್ಲಿ ಬದಲಾಗಬೇಕಾದ ನಟನಿಗೆ ಹಿಂದೆ ಟಿಚ್ ಬಟನ್. ವೆಲ್ಕ್ರೊ ಸುಲಭ, ಆದರೆ ಬಿಚ್ಚುವಾಗಿನ ಪರ್ರ್ ಸದ್ದು ಮೂರನೇ ಸಾಲಿನವರೆಗೂ ಕೇಳುತ್ತದೆ.

ಬಟ್ಟೆಯನ್ನು ಅಂಗಡಿಯ ಟ್ಯೂಬ್‌ಲೈಟಿನಲ್ಲಿ ನೋಡಿ ತೆಗೆದುಕೊಳ್ಳಬಾರದು. ಕೆಂಪು ಸೀರೆ ಹಸಿರು ಬೆಳಕಿಗೆ ಬಂದರೆ ಕಪ್ಪಾಗುತ್ತದೆ. ನೀಲಿ ಬಟ್ಟೆ ಹಳದಿ ದೀಪದಡಿ ಬೂದಿಯಂತೆ ಕಾಣುತ್ತದೆ. ಹಾಗಾಗಿ ಚೂರು ಬಟ್ಟೆ ತಂದು, ಲೈಟಿನವರ ಹತ್ತಿರ ಅವರು ಹಾಕುವ ಬಣ್ಣದಲ್ಲೇ ತೋರಿಸಿಕೊಂಡು ಆಮೇಲೆ ಥಾನು ತರುವುದು. ಹೊಸ ಬಿಳಿ ಪಂಚೆ ಸ್ಟೇಜಿನಲ್ಲಿ ಕಣ್ಣು ಕುಕ್ಕುತ್ತದೆ, ನಟನ ಮುಖವೇ ಕಾಣುವುದಿಲ್ಲ. ಕಡು ಚಹಾ ನೀರಿನಲ್ಲಿ ಅದ್ದಿ ಒಣಗಿಸಿದರೆ ಸರಿಹೋಗುತ್ತದೆ. ಅಂಬಿಗನ ಹೆಂಡತಿಗೆ ಮಾತ್ರ ಹೊಸದೇನೂ ಕೊಳ್ಳಲಿಲ್ಲ, ನಮ್ಮ ಅಮ್ಮನ ಹಳೆಯ ಉಡುಪಿ ಕೈಮಗ್ಗದ ಸೀರೆ. ನೂರಾರು ಸಲ ಒಗೆದ ಹತ್ತಿ ಮೈಗೆ ಬೀಳುವ ರೀತಿಯನ್ನು ಹೊಸ ಬಟ್ಟೆಯಲ್ಲಿ ತರಲು ಸಾಧ್ಯವೇ ಇಲ್ಲ.

ಚರಿತ್ರೆಯ ನಾಟಕ ಅಂದರೆ ಇನ್ನೊಂದು ತಲೆಬಿಸಿ. ಬ್ರಿಟಿಷರ ವಿರುದ್ಧ ನಮ್ಮ ಕಡೆ ಎದ್ದ 1837ರ ರೈತ ದಂಗೆಯ ಕಥೆ, ಆದರೆ ಹಿಂದಿನ ಪರದೆಯಲ್ಲಿ ಸಾಲಾಗಿ ಮಂಗಳೂರು ಹೆಂಚಿನ ಮನೆಗಳು. ಇಂಥದ್ದನ್ನು ನಾನು ನೋಡಿದ್ದೇನೆ. ಬಾಸೆಲ್ ಮಿಶನ್ ಅನ್ನುವ ಕ್ರೈಸ್ತ ಸಂಸ್ಥೆಯವರು ಇಲ್ಲಿ ಹೆಂಚಿನ ಕಾರ್ಖಾನೆ ಹಾಕಿದ್ದೇ 1860ರ ದಶಕದಲ್ಲಿ. ಮುಳಿ ಹುಲ್ಲಿನ ಮಾಡು ಬರೆದಿದ್ದರೆ ಕೆಲಸವೂ ಸುಲಭವಿತ್ತು. ಎಷ್ಟು ಜನ ಗಮನಿಸುತ್ತಾರೆ ಅಂತ ಕೇಳಬಹುದು. ಜಾಸ್ತಿ ಜನ ಇಲ್ಲ. ಆದರೆ ಗಮನಿಸಿದ ಒಬ್ಬ ಅಜ್ಜ ನಾಟಕ ಮುಗಿದ ಮೇಲೆ ಚೌಕಿಗೇ (ವೇಷ ಕಟ್ಟುವ ಕೋಣೆಗೆ) ಬಂದು ಕೇಳುತ್ತಾರೆ, ಉತ್ತರ ಇರಬೇಕಲ್ಲ.

ಎಲ್ಲ ತಯಾರಾದ ಮೇಲೆ ರಿಹರ್ಸಲ್ ಜಾಗದಲ್ಲಿ ನೆಲಕ್ಕೆ ಟೇಪು ಅಂಟಿಸಿ ಸೆಟ್ಟಿನ ಅಂಚು ಗುರುತು ಮಾಡುತ್ತೇನೆ, ಪೆಟ್ಟಿಗೆ ಬಂದ ದಿನದಿಂದ ಅದರ ಮೇಲೆಯೇ ಅಭ್ಯಾಸ. ನಮ್ಮ ರಾಣಿ ಪಾತ್ರದವಳು 18 ಇಂಚಿನ ಪೆಟ್ಟಿಗೆ ಮೇಲೆ ಕೂರುವ ಬದಲು ಅದಕ್ಕೆ ಬೆನ್ನು ಕೊಟ್ಟು ನೆಲದಲ್ಲಿ ಕೂತು ಹಾಡಿದಳು. ನಾನು ಅದನ್ನು ಸಿಂಹಾಸನ ಅಂತ ಮಾಡಿದ್ದೆ. ಅವಳು ಹಾಗೆ ಕೂತದ್ದೇ ಒಳ್ಳೆಯದಿತ್ತು, ನಿರ್ದೇಶಕರೂ ಒಪ್ಪಿದರು. ಸಿಂಹಾಸನಕ್ಕೆ ಅಂತ ಕೊರೆಸಿಟ್ಟಿದ್ದ ಸಿಂಹದ ಮುಖಗಳನ್ನು ತೆಗೆದು ಅಟ್ಟಕ್ಕೆ ಹಾಕಿದೆ.

ಪ್ರದರ್ಶನ ಮುಗಿದ ರಾತ್ರಿಯೇ ವೇಷಗಳನ್ನು ಗಾಳಿಗೆ ಹರಡಬೇಕು, ಬೆವರಿನ ಬಟ್ಟೆ ಮಡಚಿಟ್ಟರೆ ಎರಡು ದಿನದಲ್ಲಿ ಚುಕ್ಕೆ ಬರುತ್ತದೆ. ಮಳೆಗಾಲಕ್ಕೆ ಮುಂಚೆ ಒಮ್ಮೆ ಬಿಸಿಲು ಕಾಣಿಸಿ, ಹಳೆಯ ಬೆಡ್‌ಶೀಟಿನಲ್ಲಿ ಸುತ್ತಿ, ಯಾವ ನಾಟಕ, ಯಾವ ಪಾತ್ರ, ಎದೆ ಎಷ್ಟು ಅಂತ ಚೀಟಿ ಪಿನ್ನು ಮಾಡಿ ಇಡುತ್ತೇನೆ. ಹಾಳೆಯ ಸಾಮಾನು ಅಡುಗೆಮನೆ ಅಟ್ಟದಲ್ಲಿ, ಒಲೆಯ ಹೊಗೆಗೆ ಹುಳ ಬರುವುದಿಲ್ಲ. ಪೆಟ್ಟಿಗೆ, ರ‍್ಯಾಂಪು ಯಾವ ತಂಡ ಕೇಳಿದರೂ ಕೊಡುತ್ತೇನೆ, ಬಟ್ಟೆಯೂ ಕೊಡುತ್ತೇನೆ, ಒಗೆದು ವಾಪಸ್ ಮಾಡಿದರೆ ಆಯಿತು. ಕಿರೀಟ ಮಾತ್ರ ಯಾರಿಗೂ ಇಲ್ಲ. ಕೊಟ್ಟರೆ ಕಲ್ಲು ಉದುರಿಸಿಕೊಂಡೇ ಬರುತ್ತದೆ.