ಕೊಲೆ ಮಾಡಿದ್ದಾನೆಯೇ, ಸಾಬೀತಾಗಿದೆಯೇ: ಒಂದು ಕೋರ್ಟ್ ಕಾದಂಬರಿ ಓದಿಸಿದ ನನ್ನ ಅನುಭವ

ನಮ್ಮ ಓದುಗರ ಬಳಗದಲ್ಲಿ ಚರ್ಚೆ ನಡೆಸುವ ಕೆಲಸ ನನ್ನದು. ಬೇರೆ ಬಗೆಯ ಕಾದಂಬರಿಗಳಲ್ಲಿ ಅಭಿಪ್ರಾಯಗಳು ಹೇಗೋ ಒಂದು ಕಡೆ ಬಂದು ಸೇರುತ್ತವೆ. ಕೋರ್ಟ್ ಥ್ರಿಲ್ಲರ್ ಹಾಗಲ್ಲ. ಅರ್ಧ ಜನ ಅದನ್ನು ತಲೆ ಮೇಲೆ ಹೊತ್ತುಕೊಳ್ಳುತ್ತಾರೆ, ಉಳಿದರ್ಧ ಜನಕ್ಕೆ ಮೋಸ ಹೋದ ಸಿಟ್ಟು. ಸ್ಕಾಟ್ ಟುರೋ ಅವರ 'ಪ್ರಿಸ್ಯೂಮ್ಡ್ ಇನ್ನೊಸೆಂಟ್' ಓದಿದಾಗ ಈ ಜಗಳ ಅತಿ ಜೋರಾಗಿ ನಡೆಯಿತು. ಆ ಚರ್ಚೆಯನ್ನು ನಾನು ಹೇಗೆ ನಡೆಸಿದೆ, ಅದರಿಂದ ಏನು ಹೊರಬಂತು ಅಂತ ಇಲ್ಲಿ ಹೇಳುತ್ತೇನೆ. ಕೊಲೆ ಮಾಡಿದ್ದು ಯಾರು ಅನ್ನುವುದನ್ನು ಬಿಟ್ಟುಕೊಡುವುದಿಲ್ಲ. ಆದರೆ ಕೋರ್ಟಿನಲ್ಲಿ ಏನಾಗುತ್ತದೆ ಅಂತ ಹೇಳದೆ ಈ ಮಾತು ಆಡಲು ಆಗುವುದಿಲ್ಲ.

ಕಾದಂಬರಿ ಬಂದದ್ದು 1987ರಲ್ಲಿ. ಟುರೋ ಆಗಷ್ಟೇ ಶಿಕಾಗೋದಲ್ಲಿ ಕೇಂದ್ರ ಸರ್ಕಾರದ ಪರ ವಕೀಲರಾಗಿ ಎಂಟು ವರ್ಷ ಕೆಲಸ ಮಾಡಿ ಹೊರಬಂದಿದ್ದರು. ಕಥೆ ಹೇಳುವವನು ರಸ್ಟಿ ಸ್ಯಾಬಿಚ್, ಅವನೂ ಸರ್ಕಾರಿ ವಕೀಲ. ಅವನ ಸಹೋದ್ಯೋಗಿ ಕ್ಯಾರೊಲಿನ್ ಕೊಲೆಯಾಗುತ್ತಾಳೆ. ತನಿಖೆಯ ಹೊಣೆ ಇವನಿಗೇ ಬೀಳುತ್ತದೆ. ಅವಳ ಜೊತೆ ತನಗೆ ಸಂಬಂಧ ಇತ್ತು ಅನ್ನುವುದನ್ನು ಇವನು ಮುಚ್ಚಿಡುತ್ತಾನೆ. ಆಮೇಲೆ ಆರೋಪ ಇವನ ತಲೆಗೇ ಬರುತ್ತದೆ. ಅವಳ ಮನೆಯಲ್ಲಿದ್ದ ಗ್ಲಾಸಿನ ಮೇಲೆ ಇವನ ಬೆರಳಚ್ಚು, ಇವನ ಮನೆಯಿಂದ ಅವಳಿಗೆ ಹೋದ ಫೋನ್ ಕರೆಗಳು, ಇವನ ಮನೆಯ ಕಾರ್ಪೆಟ್ಟಿಗೆ ಹೊಂದುವ ಎಳೆಗಳು. ಎಲ್ಲವೂ ಇವನ ಕಡೆಗೇ ಬೆರಳು ತೋರಿಸುತ್ತವೆ.

ಇಂಥ ಪುಸ್ತಕಕ್ಕೆ ನಾನು ಒಂದು ನಿಯಮ ಇಟ್ಟುಕೊಂಡಿದ್ದೇನೆ. ಚರ್ಚೆಯ ಮೊದಲರ್ಧದಲ್ಲಿ 'ಚೆನ್ನಾಗಿದೆ', 'ಚೆನ್ನಾಗಿಲ್ಲ' ಅನ್ನುವ ಹಾಗಿಲ್ಲ. ಅದರ ಬದಲು ಪ್ರತಿಯೊಬ್ಬರೂ ಓದುತ್ತಾ ಹೋಗುವಾಗಲೇ ಎರಡು ಪ್ರಶ್ನೆಗಳಿಗೆ ಉತ್ತರ ಬರೆದಿಡಬೇಕು. ಒಂದು, ಇವನೇ ಕೊಲೆ ಮಾಡಿದ್ದಾನೆ ಅಂತ ನಿಮಗೆ ಅನಿಸುತ್ತದೆಯೇ? ಇನ್ನೊಂದು, ಅದು ಸಾಬೀತಾಗಿದೆಯೇ? ಮೂರು ಕಡೆ ನಿಂತು ಬರೆಯಬೇಕು: ವಿಚಾರಣೆ ಶುರುವಾಗುವ ಮುಂಚೆ, ಸರ್ಕಾರದ ಕಡೆಯ ಸಾಕ್ಷಿಗಳೆಲ್ಲ ಮುಗಿದ ಮೇಲೆ, ಮತ್ತೆ ಕೊನೆಯ ಪುಟ ಮುಗಿಸಿದ ಮೇಲೆ. ಪುಸ್ತಕ ಮುಗಿಸಿ ನೆನಪಿನಿಂದ ಬರೆದರೆ ಪ್ರಯೋಜನ ಇಲ್ಲ. ಅಂತ್ಯ ಗೊತ್ತಾದ ಮೇಲೆ ಎಲ್ಲರಿಗೂ ತಮಗೆ ಮೊದಲೇ ಗೊತ್ತಿತ್ತು ಅಂತಲೇ ಅನಿಸುತ್ತದೆ.

ಚೀಟಿಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಜಗಳ ಎಲ್ಲಿದೆ ಅಂತ ಕಣ್ಣಿಗೇ ಕಾಣುತ್ತದೆ. ಕೆಲವರು ಎರಡು ಪ್ರಶ್ನೆಗೂ ಉದ್ದಕ್ಕೂ ಒಂದೇ ಉತ್ತರ ಕೊಟ್ಟಿದ್ದರು. ಮಾಡಿದ್ದಾನೆ ಅನಿಸಿದರೆ ಸಾಬೀತಾಗಿದೆ, ಇಲ್ಲ ಅನಿಸಿದರೆ ಇಲ್ಲ. ಇನ್ನು ಕೆಲವರು 'ಮಾಡಿರಬಹುದು, ಆದರೆ ಸಾಬೀತಾಗಿಲ್ಲ' ಅಂತ ಬೇರೆ ಬೇರೆ ಮಾಡಿ ಬರೆದಿದ್ದರು. ಮೊದಲ ಗುಂಪಿನ ಬಹುಪಾಲು ಜನಕ್ಕೆ ಕಾದಂಬರಿ ಹಿಡಿಸಲಿಲ್ಲ. ಎರಡನೇ ಗುಂಪಿನವರು ಅದನ್ನು ಬಿಟ್ಟುಕೊಡಲು ತಯಾರಿರಲಿಲ್ಲ. ನನಗೆ ಇದು ತುಂಬಾ ಮುಖ್ಯವಾದ ವಿಷಯ. ನಾವು ಅಭಿರುಚಿಯ ವ್ಯತ್ಯಾಸ ಅಂತ ಅಂದುಕೊಳ್ಳುವುದು ಎಷ್ಟೋ ಸಲ ನಾವು ಪುಸ್ತಕಕ್ಕೆ ಕೇಳಿದ ಪ್ರಶ್ನೆಯ ವ್ಯತ್ಯಾಸ.

ಸಿಟ್ಟೆಲ್ಲ ಬಂದು ನಿಂತದ್ದು ಒಂದು ಜಾಗದಲ್ಲಿ. ಕೇಸು ಜ್ಯೂರಿಯ, ಅಂದರೆ ತೀರ್ಪು ಹೇಳಲು ಕೂರಿಸಿದ ಸಾಮಾನ್ಯ ಜನರ ಗುಂಪಿನ, ಕೈಗೆ ಹೋಗುವ ಮೊದಲೇ ನ್ಯಾಯಾಧೀಶ ಲಿಟ್ಲ್ ಅದನ್ನು ವಜಾ ಮಾಡುತ್ತಾನೆ. ಬೆರಳಚ್ಚಿದ್ದ ಆ ಗ್ಲಾಸು ಅಷ್ಟರಲ್ಲಿ ಎಲ್ಲೋ ಕಾಣೆಯಾಗಿರುತ್ತದೆ. "ಏನ್ರೀ ಇದು, ಇಷ್ಟೆಲ್ಲಾ ಓದಿಸಿ ಜಡ್ಜ್ ಕೈಲೇ ಮುಗಿಸಿಬಿಟ್ರಲ್ಲ!" ಅಂತ ಒಬ್ಬರು ನಿಜವಾಗಿಯೂ ನೊಂದುಕೊಂಡು ಹೇಳಿದರು. ಅವರ ಬೇಸರ ನನಗೆ ಅರ್ಥವಾಗುತ್ತದೆ. ಹನ್ನೆರಡು ಜನ ಎದ್ದು ನಿಂತು ತೀರ್ಪು ಹೇಳುವ ಗಳಿಗೆಗೆ ಅವರು ಅಲ್ಲಿಯವರೆಗೂ ಕಾದಿದ್ದರು.

ಇಲ್ಲಿ ಸ್ವಲ್ಪ ಕಾನೂನು ಹೇಳಲೇಬೇಕಾಯಿತು. ಅಮೆರಿಕದ ಕ್ರಿಮಿನಲ್ ಕೋರ್ಟುಗಳಲ್ಲಿ ಸರ್ಕಾರದ ಕಡೆಯ ಸಾಕ್ಷ್ಯ ಮುಗಿದ ಮೇಲೆ ಆರೋಪಿಯ ವಕೀಲ ನ್ಯಾಯಾಧೀಶರನ್ನು ಕೇಳಿಕೊಳ್ಳಬಹುದು: ಇಷ್ಟನ್ನೂ ಒಪ್ಪಿಕೊಂಡರೂ ಇದರ ಮೇಲೆ ಯಾವ ಜ್ಯೂರಿಯೂ ಅಪರಾಧಿ ಅನ್ನಲು ಸಾಧ್ಯವಿಲ್ಲ, ಹಾಗಾಗಿ ಇಲ್ಲೇ ಬಿಟ್ಟುಬಿಡಿ ಅಂತ. ಸಾಕ್ಷ್ಯ ಸಾಲದು ಅಂತ ನ್ಯಾಯಾಧೀಶರು ಬಿಡುಗಡೆ ಮಾಡಿದರೆ ಅದೂ ಪೂರ್ತಿ ಖುಲಾಸೆಯೇ. ಸಂವಿಧಾನದ ಐದನೇ ತಿದ್ದುಪಡಿ 1791ರಿಂದ ಒಂದೇ ಅಪರಾಧಕ್ಕೆ ಎರಡು ಸಲ ವಿಚಾರಣೆ ಮಾಡುವುದನ್ನು ತಡೆದಿದೆ. ಆಮೇಲೆ ಯಾವ ಸತ್ಯ ಹೊರಬಂದರೂ ಅವನನ್ನು ಮತ್ತೆ ಆ ಕಟಕಟೆಗೆ ತರಲು ಆಗುವುದಿಲ್ಲ. ಇಷ್ಟು ಗೊತ್ತಾದ ಮೇಲೆ ಕೊನೆಯ ಅಧ್ಯಾಯಗಳ ಭಾರವೇ ಬೇರೆ. ಕೋರ್ಟು ತನ್ನ ಪಾಲಿನ ಪ್ರಶ್ನೆಗೆ ಉತ್ತರ ಕೊಟ್ಟು ಬಾಗಿಲು ಹಾಕಿಕೊಂಡಿದೆ. ಇನ್ನೊಂದು ಪ್ರಶ್ನೆ ಮಾತ್ರ ಮನೆಯೊಳಗೆ ಹಾಗೇ ಕೂತಿದೆ. ಬೇಸರಪಟ್ಟವರಲ್ಲಿ ಕೆಲವರು ಆ ಪುಟಗಳನ್ನು ಮತ್ತೆ ತೆರೆದರು. ಎಲ್ಲರೂ ಮನಸ್ಸು ಬದಲಿಸಲಿಲ್ಲ, ಬದಲಿಸಬೇಕು ಅಂತ ನಾನು ಬಯಸಲೂ ಇಲ್ಲ.

ಕಾನೂನು ಗೊತ್ತಿರುವವರನ್ನು ನಾನು ಯಾವಾಗಲೂ ಕೊನೆಗೆ ಮಾತಾಡಿಸುತ್ತೇನೆ. ಬಳಗದಲ್ಲಿ ವಕೀಲಿ ಅನುಭವ ಇರುವವರೊಬ್ಬರಿದ್ದಾರೆ. ಅವರು ಮೊದಲೇ ಬಾಯಿಬಿಟ್ಟರೆ ಉಳಿದವರು ಸುಮ್ಮನಾಗಿಬಿಡುತ್ತಾರೆ, ತಮಗೆ ಅನಿಸಿದ್ದನ್ನು ನುಂಗಿಕೊಳ್ಳುತ್ತಾರೆ. ಅವರು ಕೊನೆಗೆ ಮಾತಾಡಿದ್ದು ಎಷ್ಟು ಒಳ್ಳೆಯದಾಯಿತು ಅಂದರೆ, ಅಷ್ಟರಲ್ಲಿ ದೂರುಗಳನ್ನು ನಾವೇ ಎರಡು ರಾಶಿ ಮಾಡಿದ್ದೆವು: 'ಹೀಗೆ ಕಾನೂನಿನಲ್ಲಿ ಆಗುವುದಿಲ್ಲ' ಅನ್ನುವವು, 'ಹೀಗೆ ಮನುಷ್ಯರು ಮಾಡುವುದಿಲ್ಲ' ಅನ್ನುವವು. ಸತ್ತವಳ ಜೊತೆ ಸಂಬಂಧ ಇದ್ದವನು ಅವಳ ಕೊಲೆಯ ತನಿಖೆ ನಡೆಸುವುದು ಸಾಧ್ಯವೇ ಅಂತ ಹಲವರು ಕೇಳಿದ್ದರು. ಅದು ಲೇಖಕರ ತಪ್ಪಲ್ಲ, ಪಾತ್ರದ ತಪ್ಪು ಅಂತ ಅವರು ಬಿಡಿಸಿ ಹೇಳಿದರು. ರಸ್ಟಿ ಮೊದಲ ದಿನವೇ ಹೇಳಿಕೊಂಡು ದೂರ ಸರಿಯಬೇಕಿತ್ತು. ಸರಿಯಲಿಲ್ಲ. ಮುಂದೆ ಅವನ ಮೇಲೆ ಅನುಮಾನ ಅಷ್ಟು ಬಿಗಿಯಾಗಿ ಕೂರುವುದು ಅದಕ್ಕೇ.

ನಿರೂಪಣೆಯ ಬಗ್ಗೆ ಇನ್ನೊಂದು ಜಗಳ. ಕಥೆಯನ್ನು ರಸ್ಟಿಯೇ ಹೇಳುತ್ತಾನೆ, ವರ್ತಮಾನ ಕಾಲದಲ್ಲಿ. ಹಾಗಿದ್ದೂ 'ನಾನು ಮಾಡಿದೆ' ಅಥವಾ 'ಮಾಡಿಲ್ಲ' ಅಂತ ನಮಗೆ ನೇರವಾಗಿ ಹೇಳದೆ ಬಹಳ ದೂರ ಎಳೆದುಕೊಂಡು ಹೋಗುತ್ತಾನೆ. ಇದು ಓದುಗರಿಗೆ ಮಾಡಿದ ಮೋಸ ಅಲ್ವಾ? ನಾನು ಪುಸ್ತಕದ ಮೊದಲ ಮತ್ತು ಕೊನೆಯ ಭಾಗದ ಹೆಸರುಗಳನ್ನು ತೋರಿಸಿದೆ. ಒಂದು ವಕೀಲರ ಆರಂಭದ ಮಾತು, ಇನ್ನೊಂದು ಕೊನೆಯ ವಾದ. ಅಂದರೆ ನಡುವೆ ನಾವು ಕೇಳುತ್ತಿರುವುದೆಲ್ಲ ಒಂದು ಪಕ್ಷದ ವಾದ. ವಕೀಲ ತನಗೆ ಗೊತ್ತಿರುವುದನ್ನೆಲ್ಲ ಜ್ಯೂರಿಗೆ ಹೇಳುತ್ತಾನೆ ಅಂತ ಯಾರೂ ನಿರೀಕ್ಷಿಸುವುದಿಲ್ಲ. ನನಗೆ ಈ ಕಟ್ಟುವಿಕೆ ಪ್ರಾಮಾಣಿಕವಾಗಿಯೇ ಕಾಣುತ್ತದೆ.

ಆದರೆ ಒಂದು ಟೀಕೆಯ ಮುಂದೆ ನಾನು ಈ ಕಾದಂಬರಿಯ ಪರ ವಾದ ಮಾಡಲಾರೆ. ಕ್ಯಾರೊಲಿನ್‌ಗೆ ಅವಳದೇ ದನಿ ಇಲ್ಲ. ಈ ಮಾತು ಬಂದಾಗ ನಾವು ಪುಟ ತಿರುಗಿಸಿ ಅವಳು ಮಾತಾಡುವ ಜಾಗಗಳನ್ನೆಲ್ಲ ಹುಡುಕಿದೆವು. ರಸ್ಟಿಯ ನೆನಪಿನಲ್ಲಿ ಸಿಗುತ್ತಾಳೆ, ಅವನು ಮನೋವೈದ್ಯರ ಹತ್ತಿರ ಹೇಳಿಕೊಳ್ಳುವುದರಲ್ಲಿ ಸಿಗುತ್ತಾಳೆ, ಬೇರೆ ಗಂಡಸರ ಮಾತಿನಲ್ಲಿ ಸಿಗುತ್ತಾಳೆ. ಮಹತ್ವಾಕಾಂಕ್ಷೆ ಇರುವ ಹೆಂಗಸು, ಬಳಸಿಕೊಳ್ಳುವವಳು, ಅಪಾಯದವಳು. ಎಲ್ಲವೂ ಬೇರೆಯವರು ಅಂಟಿಸಿದ ಚೀಟಿಗಳೇ. ಕೊಲೆ ವಿಚಾರಣೆಯೇ ಹಾಗೆ, ಸತ್ತವರನ್ನು ಪಾಟಿ ಸವಾಲಿಗೆ ಕರೆಯಲಾಗುವುದಿಲ್ಲ ಅಂತ ಒಬ್ಬರು ಸಮರ್ಥಿಸಿದರು. ಒಪ್ಪುತ್ತೇನೆ, ಕೋರ್ಟಿಗೆ ಆ ಮಿತಿ ಇದೆ. ಆದರೆ ಕಾದಂಬರಿಗೆ ಆ ಮಿತಿ ಇರಬೇಕಾಗಿಲ್ಲ. ಪುಸ್ತಕವನ್ನು ಮೆಚ್ಚಿದವರೂ ಈ ಟೀಕೆಗೆ ಉತ್ತರ ಕೊಡಲಿಲ್ಲ. ನನ್ನ ಲೆಕ್ಕದಲ್ಲಿ ಆ ಇಡೀ ಚರ್ಚೆಯ ಅತ್ಯಂತ ಗಟ್ಟಿಯಾದ ಮಾತು ಅದು.

ನಿಧಾನ ಅನ್ನುವ ದೂರಿನ ಮೇಲೆ ಜಾಸ್ತಿ ಹೊತ್ತು ಕಳೆಯಲಿಲ್ಲ. ವಿಚಾರಣೆ ತಡವಾಗಿಯೇ ಶುರುವಾಗುತ್ತದೆ, ಮೊದಲೆಲ್ಲ ಚುನಾವಣೆಯ ರಾಜಕೀಯ, ಕಚೇರಿಯ ಒಳಜಗಳ. ಅದು ಹಿಡಿಸದವರಿಗೆ ಹಿಡಿಸುವುದಿಲ್ಲ, ಅಷ್ಟೇ.

ಇಂಥ ಚರ್ಚೆ ನಡೆಸುವವರಿಗೆ ಒಂದು ಎಚ್ಚರಿಕೆ. ಪರದೆಯ ಮೇಲೆ ನೋಡಿ ಬಂದವರು ಯಾರು ಅಂತ ಮೊದಲೇ ಕೇಳಿಕೊಳ್ಳಿ. 1990ರಲ್ಲಿ ಹ್ಯಾರಿಸನ್ ಫೋರ್ಡ್ ನಟಿಸಿದ ಸಿನಿಮಾ ಬಂತು. 2024ರಲ್ಲಿ ಟಿವಿ ಸರಣಿ ಬಂತು, ಅದರಲ್ಲಿ ಕೊಲೆ ಮಾಡಿದವರನ್ನೇ ಬದಲಿಸಿದ್ದಾರೆ. ಸರಣಿ ನೋಡಿದವರು, ಪುಸ್ತಕ ಓದಿದವರು ಒಂದೇ ಹೆಸರಿನ ಎರಡು ಕಥೆಗಳ ಬಗ್ಗೆ ವಾದ ಮಾಡುತ್ತಾ ಕೂರುತ್ತಾರೆ. ಕೇಳುವವರಿಗೆ ತಲೆಬುಡ ಅರ್ಥವಾಗುವುದಿಲ್ಲ.

ಮುಂದಿನ ಓದಿಗೆ ರಾಬರ್ಟ್ ಟ್ರೇವರ್ ಅವರ 'ಅನಾಟಮಿ ಆಫ್ ಎ ಮರ್ಡರ್' ಆರಿಸಿದ್ದೇನೆ. 1958ರ ಕಾದಂಬರಿ. ಟ್ರೇವರ್ ಅನ್ನುವುದು ಮಿಷಿಗನ್ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಯಾಗಿದ್ದ ಜಾನ್ ವೋಲ್ಕರ್ ಅವರ ಕಾವ್ಯನಾಮ. 1952ರಲ್ಲಿ ತಾವೇ ಆರೋಪಿಯ ಪರ ವಾದಿಸಿದ ಒಂದು ಕೊಲೆ ಕೇಸು ಅದರ ಹಿಂದೆ ಇದೆ. ಅಲ್ಲಿ ಗುಂಡು ಹಾರಿಸಿದ್ದು ಯಾರು ಅನ್ನುವುದರಲ್ಲಿ ಅನುಮಾನವೇ ಇಲ್ಲ. ಹಾಗಾಗಿ ಚೀಟಿಯ ಮೊದಲ ಪ್ರಶ್ನೆ ಕೆಲಸಕ್ಕೆ ಬರುವುದಿಲ್ಲ. ಅದರ ಜಾಗದಲ್ಲಿ 'ಈ ಆರೋಪಿಯ ಮಾತನ್ನು ನೀವು ನಂಬುತ್ತೀರಾ?' ಅಂತ ಹಾಕಿದ್ದೇನೆ. ಎರಡನೇ ಪ್ರಶ್ನೆಯನ್ನು ಮುಟ್ಟಿಲ್ಲ.